ಹಳೆಯ ಸಣ್ಣ ಟ್ರ್ಯಾಕ್ಟರಿಗೆ ಎಷ್ಟು ಬೆಲೆ ಕೊಡಬಹುದು?



ಅಡಿಕೆ ಮತ್ತು ತೆಂಗಿನ ತೋಟಗಳಿರುವ ನಮ್ಮ ಕಡೆ ಎತ್ತಿನ ಜೋಡಿಗಳು ಕಡಿಮೆಯಾಗುತ್ತ ಬಂದಂತೆಲ್ಲ 15ರಿಂದ 25 ಅಶ್ವಶಕ್ತಿಯ ಸಣ್ಣ ಟ್ರ್ಯಾಕ್ಟರುಗಳಿಗೆ ಬೇಡಿಕೆ ಏರಿದೆ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ಅಡಿಕೆ ಸಾಲುಗಳ ನಡುವೆ ದೊಡ್ಡ ಟ್ರ್ಯಾಕ್ಟರು ತಿರುಗುವುದು ಕಷ್ಟ. ಸುಮಾರು ನಾಲ್ಕು ಅಡಿ ಅಗಲದ ಸಣ್ಣದು ಮರದ ಬುಡಕ್ಕೆ ಗಾಯ ಮಾಡದೆ ಹೋಗಿ ಬರುತ್ತದೆ. ಹೊಸದನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲವಾದುದರಿಂದ ಹಳೆಯದನ್ನು ಹುಡುಕುವವರೇ ಹೆಚ್ಚು. ಹಳ್ಳಿಗಳನ್ನು ಸುತ್ತುವಾಗ ಹಲವರು ನನ್ನನ್ನು ಕೇಳುವ ಪ್ರಶ್ನೆ ಇದು: “ಅವರು ಮೂರು ಲಕ್ಷದ ಇಪ್ಪತ್ತು ಸಾವಿರ ಹೇಳ್ತಾರೆ ಸಾರ್, ನಾವು ಎಷ್ಟಕ್ಕೆ ಕೇಳೋಣ?”

ಎತ್ತು ಕೊಳ್ಳುವಾಗ ನಮ್ಮವರು ಹೀಗೆ ಯಾರನ್ನೂ ಕೇಳುತ್ತಿರಲಿಲ್ಲ. ಘಾಟಿ ಜಾತ್ರೆಯಲ್ಲಾಗಲಿ, ಸಿದ್ಧಗಂಗೆಯ ಜಾತ್ರೆಯಲ್ಲಾಗಲಿ, ಹಲ್ಲು ನೋಡಿ, ಸುಳಿ ನೋಡಿ, ಗೊರಸು ಎತ್ತಿಸಿ, ನಾಲ್ಕು ಹೆಜ್ಜೆ ನಡೆಸಿದ ಮೇಲೆಯೇ ಟವಲಿನ ಕೆಳಗೆ ಕೈ ಹಾಕುತ್ತಿದ್ದರು. ಬಾಯಿಗೂಡಿದ ಎತ್ತಿಗೂ ಎರಡು ಹಲ್ಲಿನ ಹೋರಿಗೂ ಬೆಲೆಯ ಅಂತರವೆಷ್ಟೆಂಬುದು ಮನೆಯ ಹುಡುಗರಿಗೂ ತಿಳಿದಿತ್ತು. ಯಂತ್ರದ ಮುಂದೆ ನಿಂತಾಗ ಮಾತ್ರ ಅದೇ ಜಾಣ ಒಕ್ಕಲುಮಗ ಬಣ್ಣ ನೋಡಿ, ಮಾರುವವನು ಹೇಳಿದ ಬೆಲೆಯಲ್ಲಿ ಇಪ್ಪತ್ತು ಸಾವಿರ ಇಳಿಸಿ, ಗೆದ್ದೆನೆಂದು ತಿಳಿಯುತ್ತಾನೆ. ಮಾರುವವನು ಹೇಳಿದ ಬೆಲೆಯಿಂದ ಕೆಳಗೆ ಇಳಿಯುವುದು ಸರಿಯಾದ ದಾರಿಯಲ್ಲ. ನಮ್ಮ ಬೆಲೆಯನ್ನು ನಾವೇ ಮನೆಯಲ್ಲಿ ಕುಳಿತು ಕಾಗದದ ಮೇಲೆ ಕಟ್ಟಿಕೊಂಡು ಹೋಗಬೇಕು.

ಲೆಕ್ಕವು ಇಂದಿನ ಹೊಸ ಟ್ರ್ಯಾಕ್ಟರಿನ ಬೆಲೆಯಿಂದ ಆರಂಭವಾಗತಕ್ಕದ್ದು. ಮಾರುವವರು ಸಾಮಾನ್ಯವಾಗಿ ತಮ್ಮ ಹಳೆಯ ಬಿಲ್ಲನ್ನು ತೋರಿಸುತ್ತಾರೆ. ಆ ಬಿಲ್ಲು ಇಂದು ನಿಮಗೆ ಆಧಾರವಲ್ಲ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರುಗಳ ಮೇಲಿನ ಜಿ.ಎಸ್.ಟಿ. ಶೇಕಡ 12ರಿಂದ 5ಕ್ಕೆ ಇಳಿಯಿತು. ಟ್ರ್ಯಾಕ್ಟರಿನ ಟೈರುಗಳ ಮೇಲಿನ ತೆರಿಗೆ ಶೇಕಡ 18ರಿಂದ 5ಕ್ಕೆ ಇಳಿಯಿತು. ಶೇಕಡ 12 ಇದ್ದಾಗ 5,20,000 ರೂ.ಗೆ ಬಿಲ್ಲಾದ ಟ್ರ್ಯಾಕ್ಟರು, ಮೂಲ ಬೆಲೆ ಅಷ್ಟೇ ಇದ್ದರೆ, ಶೇಕಡ 5ರಲ್ಲಿ 4,87,500 ರೂ. ಆಗುತ್ತದೆ. ಅಂದರೆ 32,500 ರೂ. ವ್ಯತ್ಯಾಸ. ಹೊಸದೇ ಅಗ್ಗವಾದ ಮೇಲೆ ಹಳೆಯದರ ಬೆಲೆ ಹಿಂದಿನ ಬಿಲ್ಲಿನ ಮೇಲೆ ನಿಲ್ಲುವುದು ನ್ಯಾಯವಲ್ಲ. ಹಾಗೆಯೇ ಕಂಪೆನಿಯು ಈ ನಡುವೆ ಮೂಲ ಬೆಲೆಯನ್ನು ಏರಿಸಿದ್ದರೆ ಅದನ್ನೂ ಒಪ್ಪಬೇಕು. ಆದುದರಿಂದ ಅದೇ ಮಾದರಿಯ ಹೊಸ ಟ್ರ್ಯಾಕ್ಟರಿಗೆ ಹತ್ತಿರದ ಎರಡು ಡೀಲರುಗಳಿಂದ ಬರಹದಲ್ಲಿ ದರ ತೆಗೆದುಕೊಳ್ಳಿ. ಅದಕ್ಕೆ ಹಣ ಕೊಡಬೇಕಾಗಿಲ್ಲ.

ಆ ದರ 5,00,000 ರೂ. ಎಂದು ಇಟ್ಟುಕೊಳ್ಳೋಣ. ನಾವು ನೋಡಹೊರಟಿರುವುದು ಐದು ವರ್ಷದ ಹಳೆಯದು. ಡಿಪ್ಲೊಮಾ ತರಗತಿಯಲ್ಲಿ ನಮಗೆ ಕಲಿಸಿದ ಸವಕಳಿ ಲೆಕ್ಕ ಸುಲಭವಾದದ್ದು. ಟ್ರ್ಯಾಕ್ಟರಿನ ಆಯುಷ್ಯ 10 ವರ್ಷ, ಕೊನೆಗೆ ಉಳಿಯುವ ಬೆಲೆ ಹತ್ತರಲ್ಲಿ ಒಂದು ಪಾಲು. ಐದು ಲಕ್ಷದಲ್ಲಿ ಐವತ್ತು ಸಾವಿರ ಕಳೆದು ಹತ್ತರಿಂದ ಭಾಗಿಸಿದರೆ ವರ್ಷಕ್ಕೆ 45,000 ರೂ. ಸವೆಯುತ್ತದೆ. ಐದು ವರ್ಷಕ್ಕೆ 2,25,000 ರೂ. ಹೋಗಿ 2,75,000 ರೂ. ಉಳಿಯಿತು. ಪೇಟೆಯ ಬೆಲೆ ಇಷ್ಟು ನೇರವಾಗಿ ಇಳಿಯುವುದಿಲ್ಲವೆಂಬುದು ನಿಜ. ಮೊದಲ ವರ್ಷ ಹೆಚ್ಚು ಇಳಿಯುತ್ತದೆ, ಹತ್ತು ವರ್ಷ ದಾಟಿದ ಮೇಲೂ ಚೆನ್ನಾಗಿ ಸಾಕಿದ ಟ್ರ್ಯಾಕ್ಟರು ಒಳ್ಳೆಯ ಬೆಲೆಗೆ ಹೋಗುತ್ತದೆ. ಆದರೂ ಕೈಯಲ್ಲಿ ಒಂದು ಅಂಕಿ ಇಲ್ಲದೆ ಹೋಗುವುದಕ್ಕಿಂತ ಈ ಅಂಕಿಯೊಡನೆ ಹೋಗುವುದು ಮೇಲು.

ಇನ್ನು ಯಂತ್ರವನ್ನು ನೋಡುವ ವಿಚಾರ. ನೀವು ಬರುವ ಮೊದಲು ಇಂಜಿನ್ ಚಾಲೂ ಮಾಡಬಾರದೆಂದು ಮಾರುವವರಿಗೆ ಮೊದಲೇ ಹೇಳಿರಿ. ಬೆಳಗ್ಗೆ ಹೊತ್ತೇ ಹೋಗಿ, ಇಂಜಿನ್ನಿನ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ತಣ್ಣಗಿರುವಾಗ ಅದು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲವೇ ಎಂಬ ಸಂಶಯ ಇಟ್ಟುಕೊಳ್ಳಬೇಕು. ಚಾಲೂ ಮಾಡುವ ಮೊದಲು ಎಣ್ಣೆಯ ಕಡ್ಡಿ ತೆಗೆದು ನೋಡಿ. ಎಣ್ಣೆ ಹಾಲು ಬೆರೆಸಿದಂತೆ ಕಂಡರೆ ಒಳಗೆ ನೀರು ಸೇರಿದೆ, ಅಂಥದನ್ನು ಅಲ್ಲಿಗೇ ಬಿಟ್ಟು ಬನ್ನಿ. ಚಾಲೂ ಆದ ಮೇಲೆ ಹೊಗೆಯ ಬಣ್ಣ ನೋಡಿ. ಭಾರ ಬಿದ್ದಾಗ ಬರುವ ಕಪ್ಪು ಹೊಗೆ ಏರ್ ಫಿಲ್ಟರ್ ಕಟ್ಟಿಕೊಂಡದ್ದರಿಂದಲೋ ನಾಜಲ್ ಕೆಟ್ಟದ್ದರಿಂದಲೋ ಇರಬಹುದು. ಅದಕ್ಕೆ ಹೆದರಬೇಕಾಗಿಲ್ಲ. ನೀಲಿ ಹೊಗೆ ಬಂದರೆ ಇಂಜಿನ್ ಎಣ್ಣೆ ಉರಿಯುತ್ತಿದೆ ಎಂದರ್ಥ. ಆಗ ಎಣ್ಣೆ ಹಾಕುವ ಮುಚ್ಚಳ ಸಡಿಲಿಸಿ, ಅಲ್ಲಿಂದ ಹೊಗೆ ಬುಸುಬುಸು ಎಂದು ಉಗುಳುತ್ತಿದೆಯೇ ನೋಡಿ. ಉಗುಳುತ್ತಿದ್ದರೆ ರಿಂಗುಗಳು ಸವೆದಿವೆ, ಇಂಜಿನ್ ಬಿಚ್ಚುವ ಖರ್ಚು ಹತ್ತಿರದಲ್ಲಿದೆ.

ಒಂದು ಮಾತನ್ನು ಇಲ್ಲಿ ಸೇರಿಸಬೇಕು. ಮಹೀಂದ್ರ ಯುವರಾಜ್ 215 ಒಂದೇ ಸಿಲಿಂಡರಿನ, 15 ಅಶ್ವಶಕ್ತಿಯ ಇಂಜಿನ್ನಿನದು. ಬೆಂಗಳೂರಿನ ವಿ.ಎಸ್.ಟಿ. ಕಂಪೆನಿಯ ಎಂ.ಟಿ. 180 ಡಿ ಮೂರು ಸಿಲಿಂಡರಿನದು. ಒಂದು ಸಿಲಿಂಡರಿನದು ಸ್ವಭಾವತಃ ಹೆಚ್ಚು ಅದುರುತ್ತದೆ. ಮೂರು ಸಿಲಿಂಡರಿನ ಟ್ರ್ಯಾಕ್ಟರನ್ನು ನೋಡಿ ಬಂದವರು ಮಾರನೆಯ ದಿನ ಒಂದು ಸಿಲಿಂಡರಿನದನ್ನು ನೋಡಿ “ಇದು ಕೆಟ್ಟಿದೆ” ಎಂದು ಹಿಂತಿರುಗಿದ್ದನ್ನು ಕಂಡಿದ್ದೇನೆ. ಯಾವುದನ್ನಾದರೂ ಅದರ ಜಾತಿಯದರ ಜೊತೆಗೇ ಹೋಲಿಸಬೇಕು.

ಗಂಟೆಯ ಮೀಟರನ್ನು ನೋಡಿ, ಆದರೆ ಪೂರ್ತಿ ನಂಬಬೇಡಿ. ಮೀಟರನ್ನು ಬದಲಾಯಿಸಬಹುದು, ತಂತಿ ಕಿತ್ತಿಡಬಹುದು. ಕ್ಲಚ್ ಮತ್ತು ಬ್ರೇಕ್ ಪೆಡಲಿನ ಸವೆತ, ಸ್ಟಿಯರಿಂಗಿನ ಹಿಡಿ, ಹಿಂದಿನ ಲಿಂಕುಗಳ ಪಿನ್ನಿನ ತೂತು, ಪಿ.ಟಿ.ಓ. ಶಾಫ್ಟಿನ ಹಲ್ಲು ಇವು ಸುಳ್ಳು ಹೇಳುವುದಿಲ್ಲ. ಮೀಟರು 900 ಗಂಟೆ ತೋರಿಸುತ್ತಿದ್ದು, ಪಿನ್ನಿನ ತೂತು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಉಳಿದದ್ದನ್ನು ನೀವೇ ತಿಳಿದುಕೊಳ್ಳಬಹುದು. ಎಷ್ಟು ಗಂಟೆ ದುಡಿಯಿತು ಎಂಬುದರಷ್ಟೇ ಎಲ್ಲಿ ದುಡಿಯಿತು ಎಂಬುದೂ ಮುಖ್ಯ. ಭತ್ತದ ಗದ್ದೆಯ ಕೆಸರಿನಲ್ಲಿ ದುಡಿದ ಟ್ರ್ಯಾಕ್ಟರಿನ ಮುಂದಿನ ಆಕ್ಸಲ್ಲಿನ ಸೀಲುಗಳ ಮೂಲಕ ಕೆಸರುನೀರು ಒಳಗಿಳಿದಿರಬಹುದು. ಇಟ್ಟಿಗೆ, ಮರಳು ಎಳೆದದ್ದಾದರೆ ಕ್ಲಚ್ಚು ಮತ್ತು ಬ್ರೇಕು ಸವೆದಿರುತ್ತವೆ. ತೋಟದಲ್ಲಿ ಮಾತ್ರ ಓಡಿದ್ದು ಸಿಕ್ಕಿದರೆ ಸ್ವಲ್ಪ ಹೆಚ್ಚಿಗೆ ಕೊಟ್ಟರೂ ನಷ್ಟವಿಲ್ಲ ಎಂಬುದು ನನ್ನ ಅಭಿಪ್ರಾಯ.

ರೋಟವೇಟರನ್ನು ಕಟ್ಟಿಸಿ, ಪೂರ್ತಿ ಮೇಲೆತ್ತಿಸಿ, ಇಂಜಿನ್ ನಿಲ್ಲಿಸಿ, ನೆಲದಿಂದ ಎಷ್ಟು ಎತ್ತರದಲ್ಲಿದೆಯೆಂದು ಅಳೆದಿಡಿ. ಅವರು ಕೊಟ್ಟ ಕಾಫಿ ಕುಡಿದು ಹದಿನೈದು ನಿಮಿಷದ ಮೇಲೆ ಮತ್ತೆ ಅಳೆಯಿರಿ. ತೀರ ಕೆಳಗಿಳಿದಿದ್ದರೆ ಹೈಡ್ರಾಲಿಕ್ಕಿನಲ್ಲಿ ಸೋರಿಕೆ ಇದೆ. ಆಮೇಲೆ ಹೊಲಕ್ಕಿಳಿಸಿ ಎರಡು ಸಾಲು ಹೊಡೆಸದೆ ಬರಬಾರದು. ಅಂಗಳದಲ್ಲಿ ಓಡಿಸಿ ತೋರಿಸಿದರೆ ಕ್ಲಚ್ಚಿನ ಗುಟ್ಟು ಬಯಲಾಗುವುದಿಲ್ಲ. ನಾಲ್ಕು ಚಕ್ರಕ್ಕೂ ಎಳೆತವಿರುವ ಟ್ರ್ಯಾಕ್ಟರಾದರೆ ಮುಂದಿನ ಮತ್ತು ಹಿಂದಿನ ಟೈರುಗಳು ಕಂಪೆನಿ ಹೇಳಿದ ಅಳತೆಯವೇ ಎಂದು ಪುಸ್ತಕ ನೋಡಿ ಖಚಿತ ಮಾಡಿಕೊಳ್ಳಿ. ಅಳತೆ ತಪ್ಪಿದ ಟೈರು ಹಾಕಿ ಓಡಿಸಿದ್ದರೆ ಮುಂದಿನ ಗೇರುಗಳ ಮೇಲೆ ಸುಮ್ಮನೆ ಒತ್ತಡ ಬಿದ್ದು ಅವು ಸವೆಯುತ್ತವೆ.

ಕಂಡ ದೋಷಗಳನ್ನೆಲ್ಲ ಬರೆದುಕೊಂಡು, ನಿಮಗೆ ಗುರುತಿನ ಮೆಕ್ಯಾನಿಕ್ಕಿನಿಂದ ಒಂದೊಂದಕ್ಕೂ ಖರ್ಚು ಕೇಳಿ. ನಮ್ಮ ಉದಾಹರಣೆಯಲ್ಲಿ ಹಿಂದಿನ ಎರಡು ಟೈರಿಗೆ 20,000, ಕ್ಲಚ್ ಪ್ಲೇಟು ಕೂಲಿ ಸೇರಿ 10,000, ಬ್ಯಾಟರಿ 5,000, ಮುಂದಿನ ಬುಷ್ ಮತ್ತು ಸೀಲಿಗೆ 5,000, ಒಟ್ಟು 40,000 ರೂ. ಎನ್ನೋಣ. ವಿಮೆ ನಿಂತುಹೋಗಿದೆ, ಅದಕ್ಕೂ ಹೆಸರು ಬದಲಾವಣೆಗೂ 5,000. ಹೀಗೆ 2,75,000ದಲ್ಲಿ 45,000 ಕಳೆದರೆ 2,30,000 ರೂ. ಆಯಿತು. ಇದೇ ನಿಮ್ಮ ಕೊನೆಯ ಮಾತು. (ಈ ಅಂಕಿಗಳನ್ನು ಲೆಕ್ಕದ ದಾರಿ ತೋರಿಸಲು ಇಟ್ಟಿದ್ದೇನೆ. ನಿಮ್ಮ ಊರಿನ ದರಗಳನ್ನು ಹಾಕಿಕೊಳ್ಳಿ.) ಮೊದಲ ಮಾತು ಎರಡು ಲಕ್ಷದ ಆಸುಪಾಸಿನಲ್ಲಿ ಇರಲಿ. ರೋಟವೇಟರು, ಟ್ರೇಲರು ಸೇರಿಸಿ ಒಟ್ಟಿಗೆ ಬೆಲೆ ಹೇಳಿದರೆ ಒಪ್ಪದೆ, ಒಂದೊಂದಕ್ಕೂ ಬೇರೆ ಬೇರೆ ಬೆಲೆ ಕಟ್ಟಿಸಿ. ನಿಮಗೆ ಬೇಡದ ಟ್ರೇಲರಿನ ಹೆಸರಿನಲ್ಲಿ ಐವತ್ತು ಸಾವಿರ ಏರಿಸುವುದು ದಲ್ಲಾಳಿಗಳ ಹಳೆಯ ವಿದ್ಯೆ.

ಆದರೆ ಟ್ರ್ಯಾಕ್ಟರಿಗೆ ಅಷ್ಟು ಬೆಲೆಯಿದೆ ಎಂದಮಾತ್ರಕ್ಕೆ ನಿಮಗೆ ಅದು ಬೇಕೆಂದಾಗಲಿಲ್ಲ. ಈ ಭಾಗವನ್ನು ದಯವಿಟ್ಟು ಮನೆಯ ಹೆಂಗಸರೊಡನೆ ಕುಳಿತು ಓದಿ. ಸಾಲಕ್ಕೆ ಒಡವೆ ಇಡುವುದು ಬಂದರೆ ಅವರದೇ ಹೋಗುವುದು. ಮೂರು ಎಕರೆ ತೋಟಕ್ಕೆ ವರ್ಷದಲ್ಲಿ 60 ಗಂಟೆ ಕೆಲಸವೆಂದೂ, ಬಾಡಿಗೆ ಗಂಟೆಗೆ 700 ರೂ. ಎಂದೂ ಇಟ್ಟುಕೊಳ್ಳೋಣ. ಸ್ವಂತದ್ದಾದರೆ ಡೀಸೆಲ್ ಮತ್ತು ಎಣ್ಣೆಗೆ ಗಂಟೆಗೆ 250 ಆಗಿ, ಗಂಟೆಗೆ 450 ರೂ. ಉಳಿಯುತ್ತದೆ. ಇತ್ತ ದುರಸ್ತಿ ಸೇರಿ ಹಾಕಿದ ಬಂಡವಾಳ ಸುಮಾರು 2,70,000. ಅದಕ್ಕೆ ಶೇಕಡ 10ರಂತೆ ಬಡ್ಡಿ 27,000. ಐದು ವರ್ಷದ ಮೇಲೆ 1,20,000ಕ್ಕೆ ಮಾರಿದರೆ ಸವಕಳಿ ವರ್ಷಕ್ಕೆ 30,000. ವಿಮೆ ಮತ್ತು ಸಣ್ಣಪುಟ್ಟ ದುರಸ್ತಿ 15,000. ಒಟ್ಟು ವರ್ಷಕ್ಕೆ 72,000 ರೂ. ಇದನ್ನು 450ರಿಂದ ಭಾಗಿಸಿ ನೋಡಿ: ವರ್ಷಕ್ಕೆ 160 ಗಂಟೆ ಓಡಿದರೆ ಮಾತ್ರ ಬಾಡಿಗೆಗೂ ಸ್ವಂತಕ್ಕೂ ಸರಿಸಮ. ನಮಗೆ ಬೇಕಾದದ್ದು 60. ಉಳಿದ 100 ಗಂಟೆಯ ಕೆಲಸ ಎಲ್ಲಿಂದ ಬರುತ್ತದೆ? ಅಣ್ಣತಮ್ಮಂದಿರು ಇಬ್ಬರೋ ಮೂವರೋ ಸೇರಿ ಕೊಂಡರೆ ಹೊಂದುತ್ತದೆ. ಇಲ್ಲವಾದರೆ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದ ದರಪಟ್ಟಿಯನ್ನು ಒಮ್ಮೆ ಕೇಳಿ ನೋಡಿ.

ಇದಕ್ಕೆ ಇನ್ನೊಂದು ಮುಖವೂ ಉಂಟು. ಮಳೆ ಬಿದ್ದು ಹದ ಬಂದ ಮೂರು ದಿನಗಳಲ್ಲಿ ಊರಿಗೆಲ್ಲ ಬಾಡಿಗೆ ಟ್ರ್ಯಾಕ್ಟರು ಬೇಕು, ನಿಮ್ಮ ಸರದಿ ಬರುವಷ್ಟರಲ್ಲಿ ನೆಲ ಒಣಗಿರುತ್ತದೆ. ಹೋದ ಹದಕ್ಕೆ ಬೆಲೆ ಕಟ್ಟುವುದು ಪುಸ್ತಕದ ಲೆಕ್ಕದಲ್ಲಿ ಸಿಗುವುದಿಲ್ಲ. ಅದಕ್ಕಾಗಿ ವರ್ಷಕ್ಕೆ ಹತ್ತು ಸಾವಿರ ಹೆಚ್ಚು ಖರ್ಚಾದರೂ ಸರಿ ಎನ್ನುವವರನ್ನು ನಾನು ತಡೆಯುವುದಿಲ್ಲ. ನಲವತ್ತು ಸಾವಿರವಾದರೆ ತಡೆಯುತ್ತೇನೆ.

ಬೆಲೆ ಹೇಳುವಾಗ ಮಾಲನ್ನು ಹಳಿಯಬೇಡಿ. ಅದು ಅವರ ಅನ್ನಕ್ಕೆ ದುಡಿದ ಯಂತ್ರ. “ಅಣ್ಣ, ಟೈರಿಗೆ ಇಷ್ಟು, ಕ್ಲಚ್ಚಿಗೆ ಇಷ್ಟು ಹಾಕಬೇಕಾಗಿದೆ, ಅದಕ್ಕೆ ಇಷ್ಟು ಕೊಡಬಲ್ಲೆ” ಎಂದು ಕಾಗದವನ್ನೇ ಮುಂದಿಟ್ಟರೆ ಮಾತು ಬೇಗ ಮುಗಿಯುತ್ತದೆ. ನಿಮ್ಮ ಕೊನೆಯ ಬೆಲೆಗೆ ಬಾರದಿದ್ದರೆ ಫೋನ್ ನಂಬರು ಕೊಟ್ಟು ಎದ್ದು ಬನ್ನಿ. ಕೆಲವು ದಿನ ಕಳೆದ ಮೇಲೆ ಅವರೇ ಕರೆಯುವುದೂ ಉಂಟು.

ಕಾಗದಪತ್ರದ ವಿಷಯವನ್ನು ಕೊನೆಗಿಟ್ಟಿದ್ದೇನಾದರೂ ಇದರಲ್ಲಿ ಎಡವಿದರೆ ಮೇಲಿನ ಲೆಕ್ಕವೆಲ್ಲ ನೀರುಪಾಲು. ಪಕ್ಕದ ಹೋಬಳಿಯ ಒಬ್ಬರು ಛಾಪಾ ಕಾಗದದ ಮೇಲೆ ಬರೆಸಿಕೊಂಡು ಪೂರ್ತಿ ಹಣ ಕೊಟ್ಟು ಟ್ರ್ಯಾಕ್ಟರು ತಂದರು. ಮೊದಲಿನ ಮಾಲಿಕನ ಸಾಲ ತೀರಿರಲಿಲ್ಲ. ಉಳುಮೆಯ ಕಾಲದಲ್ಲಿ ಸಾಲ ಕೊಟ್ಟವರು ಬಂದು ಹೊಲದಿಂದಲೇ ಅದನ್ನು ಒಯ್ದರು. ಆರ್.ಸಿ. ಪುಸ್ತಕದಲ್ಲಿ ಸಾಲದ ನಮೂದು ಇದೆಯೇ ಎಂಬುದನ್ನು ಎಂ-ಪರಿವಾಹನ್ ಆ್ಯಪಿನಲ್ಲಿ ನಂಬರು ಹಾಕಿ ಮನೆಯಲ್ಲಿಯೇ ನೋಡಬಹುದು, ಮಕ್ಕಳಿಗೆ ಹೇಳಿದರೆ ತೋರಿಸುತ್ತಾರೆ. ನಮೂದು ಇದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮತ್ತು ನಮೂನೆ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಇಂಜಿನ್ ಮತ್ತು ಚಾಸಿ ನಂಬರುಗಳನ್ನು ಯಂತ್ರದ ಮೇಲೆಯೇ ಓದಿ ಆರ್.ಸಿ.ಯೊಡನೆ ಹೋಲಿಸಿ. ಟ್ರೇಲರಿಗೆ ಪ್ರತ್ಯೇಕ ನೋಂದಣಿ ಇರಬೇಕು. ಸರ್ಕಾರದ ಸಹಾಯಧನದಲ್ಲಿ ಪಡೆದ ಟ್ರ್ಯಾಕ್ಟರಾದರೆ ಇಂತಿಷ್ಟು ವರ್ಷ ಮಾರಬಾರದೆಂಬ ಷರತ್ತು ಇರುವುದುಂಟು. ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿದ ಮೇಲೆಯೇ ಮುಂಗಡ ಕೊಡಿ.

ಮುಂಗಡ ಕೊಟ್ಟರೆ ನಂಬರುಗಳನ್ನೂ ಒಪ್ಪಿದ ಬೆಲೆಯನ್ನೂ ಬರೆಸಿ ರಸೀತಿ ಪಡೆಯಿರಿ. ಪೂರ್ತಿ ಹಣ ಕೊಡುವ ದಿನವೇ ನಮೂನೆ 29 ಮತ್ತು 30ಕ್ಕೆ ಸಹಿ ಆಗಬೇಕು. ಕೊಂಡವರು 30 ದಿನಗಳೊಳಗೆ ಪ್ರಾದೇಶಿಕ ಸಾರಿಗೆ ಕಚೇರಿಗೆ ಅರ್ಜಿ ಕೊಟ್ಟು ಹೆಸರು ಬದಲಾಯಿಸಿಕೊಳ್ಳಬೇಕೆಂದು ಮೋಟಾರು ವಾಹನ ಕಾಯಿದೆ ಹೇಳುತ್ತದೆ. ವಿಮೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು 14 ದಿನಗಳೊಳಗೆ ಅರ್ಜಿ ಕೊಡಬೇಕು. ಮಾರುವವರೂ ಇದನ್ನು ಅಲಕ್ಷಿಸಬಾರದು. ವಾಹನ ಕೈ ಬದಲಾಗಿದ್ದರೂ ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪು ಕೊಟ್ಟಿದೆ. ಆದುದರಿಂದ ಕೊಂಡವರೂ ಮಾರಿದವರೂ ಒಂದೇ ದಿನ ಕೂಡಿಯೇ ಕಚೇರಿಗೆ ಹೋಗಿ ಅರ್ಜಿ ಸಲ್ಲಿಸಿ, ರಸೀತಿಯ ಪ್ರತಿಯನ್ನು ಇಬ್ಬರೂ ಇಟ್ಟುಕೊಳ್ಳುವುದು ಒಳ್ಳೆಯದು.