ಕಬ್ಬಿನ ಕಾಲುವೆಯಲ್ಲಿ ಈಜು ಕಲಿತವರು

ಶಾಂತಸಾಗರದ ನಡುವೆ ಇರುವ ಹವಾಯಿ ದ್ವೀಪಗಳಲ್ಲಿ ಮೌಯಿ ಎಂಬುದೊಂದು. ಪ್ರವಾಸಿಗಳ ಕಣ್ಣಿಗೆ ಅದು ಹಸಿರು ಬೆಟ್ಟಗಳ, ನೀಲ ಕಡಲಿನ ಚೆಲುವ ನಾಡು. ಆದರೆ 1930ರ ದಶಕದಲ್ಲಿ ಅದರ ನಡುಬಯಲಿನ ಪುನೇನೆ ಎಂಬ ಊರಿನವರಿಗೆ ಬದುಕೆಂದರೆ ಕಬ್ಬು. ಕಣ್ಣು ಹರಿಯುವವರೆಗೂ ಕಬ್ಬಿನ ತೋಟ. ನಡುವೆ ಸಕ್ಕರೆ ಕಾರ್ಖಾನೆ. ಸುತ್ತಲೂ ಕೂಲಿಗಾರರ ಬಿಡಾರಗಳು. ಜಪಾನ್, ಫಿಲಿಪೀನ್ಸ್, ಪೋರ್ಚುಗಲ್ ಮೊದಲಾದ ದೇಶಗಳಿಂದ ಹೊಟ್ಟೆಪಾಡಿಗಾಗಿ ಬಂದ ಸಂಸಾರಗಳು ಅಲ್ಲಿ ನೆಲೆಸಿದ್ದವು. ಹಿರಿಯರು ತೋಟದಲ್ಲಿ ದುಡಿಯುತ್ತಿದ್ದರು. ಶಾಲೆ ಬಿಟ್ಟೊಡನೆ ಮಕ್ಕಳು ಕಬ್ಬಿಗೆ ನೀರು ಹಾಯಿಸುವ ಕಾಲುವೆಗಳಲ್ಲಿ ಧುಮುಕುತ್ತಿದ್ದರು. ಅದೂ ಕದ್ದುಮುಚ್ಚಿ, ಕಾವಲಿನವರು ಕಂಡರೆ ಓಟ ಕೀಳಬೇಕಾಗಿತ್ತು.

ಈ ಮಕ್ಕಳನ್ನು ಕಂಡು ಮರುಗಿದವರು ಅಲ್ಲಿನ ಶಾಲೆಯ ಉಪಾಧ್ಯಾಯರಾದ ಸೋಯಿಚಿ ಸಕಮೊಟೊ. 1906ರಲ್ಲಿ ಮೌಯಿಯಲ್ಲಿಯೇ ಜನಿಸಿದ ಇವರು ಜಪಾನೀ ಮೂಲದವರು. ಮಕ್ಕಳ ಮೇಲ್ವಿಚಾರಣೆಯನ್ನು ತಾವೇ ವಹಿಸುವುದಾಗಿ ತೋಟದ ಅಧಿಕಾರಿಗಳಿಗೆ ಮಾತು ಕೊಟ್ಟು, ಕಾಲುವೆಯಲ್ಲಿ ಈಜಲು ಅನುಮತಿ ಪಡೆದರು. ಸೋಜಿಗದ ಸಂಗತಿಯೆಂದರೆ, ಸ್ವತಃ ಸಕಮೊಟೊ ಅವರು ಹೇಳಿಕೊಳ್ಳುವಂತಹ ಈಜುಗಾರರೇನೂ ಆಗಿರಲಿಲ್ಲ!

ಪ್ರವಾಹವೇ ಗುರು

ಕಾಲುವೆಯ ನೀರು ಕೊಳದ ನೀರಿನಂತೆ ನಿಂತದ್ದಲ್ಲ. ಬೆಟ್ಟದ ಕಡೆಯಿಂದ ಇಳಿದು ಬರುವ ಆ ನೀರಿಗೆ ಸೆಳೆತವಿತ್ತು. ಸಕಮೊಟೊ ಅವರು ಈ ಸೆಳೆತವನ್ನೇ ಉಪಕರಣವನ್ನಾಗಿ ಮಾಡಿಕೊಂಡರು. ಮಕ್ಕಳು ಪ್ರವಾಹಕ್ಕೆ ಎದುರಾಗಿ ಈಜಬೇಕು. ಕೈ ಒಂದು ಗಳಿಗೆ ಸಡಿಲವಾದರೂ ನೀರು ಹಿಂದಕ್ಕೆ ತಳ್ಳುತ್ತದೆ. ಆದುದರಿಂದ ಸೋಮಾರಿತನಕ್ಕೆ ಅಲ್ಲಿ ಎಡೆಯೇ ಇಲ್ಲ. ಅನಂತರ ನೀರಿನೊಡನೆ ಹಗುರವಾಗಿ ತೇಲಿ ಬಂದು, ಉಸಿರು ಸುಧಾರಿಸಿಕೊಂಡು, ಮತ್ತೆ ಎದುರೀಜು. ಬಿರುಸಿನ ದುಡಿಮೆ, ಅಲ್ಪ ವಿರಾಮ, ಪುನಃ ದುಡಿಮೆ—ಇಂದು ಎಲ್ಲ ದೇಶಗಳ ತರಬೇತುದಾರರೂ ಅನುಸರಿಸುವ ಈ ಕ್ರಮವನ್ನು ಕಬ್ಬಿನ ತೋಟದ ಒಬ್ಬ ಮೇಷ್ಟರು ತಮ್ಮ ಅನುಭವದಿಂದಲೇ ರೂಪಿಸಿಕೊಂಡರು.

ಮೂರು ವರ್ಷದ ಸಂಕಲ್ಪ

1932ರ ಲಾಸ್ ಏಂಜಲೀಸ್ ಒಲಿಂಪಿಕ್ ಕ್ರೀಡೆಗಳಲ್ಲಿ ಪುರುಷರ ಆರು ಈಜು ಸ್ಪರ್ಧೆಗಳ ಪೈಕಿ ಐದನ್ನು ಗೆದ್ದು ಜಪಾನ್ ಜಗತ್ತನ್ನು ಬೆರಗುಗೊಳಿಸಿತ್ತು. 1940ರ ಕ್ರೀಡೆಗಳು ಟೋಕಿಯೋದಲ್ಲಿ ನಡೆಯಬೇಕೆಂದು 1936ರಲ್ಲಿ ನಿರ್ಧಾರವಾಯಿತು. ಮರುವರ್ಷ, ಅಂದರೆ 1937ರಲ್ಲಿ, ಸಕಮೊಟೊ ಅವರು ತಮ್ಮ ಮಕ್ಕಳನ್ನು ಕೂಡಿಸಿ ಒಂದು ಸಂಘ ಕಟ್ಟಿದರು. ಅದರ ಹೆಸರೇ ಅದರ ಗುರಿಯನ್ನು ಸಾರುತ್ತಿತ್ತು: ‘ಮೂರು ವರ್ಷದ ಈಜು ಸಂಘ’. ಮೂರು ವರ್ಷಗಳ ಅಂತ್ಯಕ್ಕೆ ಟೋಕಿಯೋದಲ್ಲಿ ಅಮೆರಿಕದ ಪರವಾಗಿ ಈಜಬೇಕು!

ಈ ಆಸೆಯ ಆಳವನ್ನು ಓದುಗರು ಊಹಿಸಿಕೊಳ್ಳಬಹುದು. ಬಡತನದಿಂದ ಜಪಾನ್ ಬಿಟ್ಟು ಬಂದು ಕೂಲಿಗಾರರಾದವರ ಮಕ್ಕಳು, ಅದೇ ಜಪಾನಿನ ರಾಜಧಾನಿಗೆ ತಾವು ಹುಟ್ಟಿದ ನಾಡಿನ ಪ್ರತಿನಿಧಿಗಳಾಗಿ ಹೋಗುವುದೆಂದರೆ ಸಾಮಾನ್ಯ ಮಾತೇ? ಸಂಘದಲ್ಲಿ ಜಪಾನೀ ಮೂಲದವರೇ ಹೆಚ್ಚಾಗಿದ್ದರೂ ಬೇರೆ ಮಕ್ಕಳೂ ಇದ್ದರು. ಬಾಲಕರಂತೆ ಬಾಲಿಕೆಯರೂ ಇದ್ದರು.

ಫಲ ಬಹು ಬೇಗ ಕಾಣಿಸಿಕೊಂಡಿತು. 1938ರಲ್ಲಿ ಹ್ಯಾಲೋ ಹಿರೋಸೆ ಎಂಬ ತರುಣ ಅಮೆರಿಕದ ತಂಡದೊಡನೆ ಯೂರೋಪಿಗೆ ಹೋಗಿ, ಬರ್ಲಿನ್ನಿನಲ್ಲಿ ವಿಶ್ವದಾಖಲೆ ಸ್ಥಾಪಿಸಿದ ನಾಲ್ವರ ಸರದಿ ತಂಡದಲ್ಲಿ ಒಬ್ಬನಾದ. 1939ರಲ್ಲಿ ಫ್ಯೂಜಿಕೊ ಕತ್ಸುತಾನಿ ಎಂಬ ಬಾಲಿಕೆ ಎದೆಯೀಜಿನಲ್ಲಿ ಅಮೆರಿಕದ ರಾಷ್ಟ್ರೀಯ ಪ್ರಶಸ್ತಿ ಗಳಿಸಿದಳು. ಕಿಯೋ ನಕಾಮ ಮತ್ತಿತರರ ಬಲದಿಂದ ಮೌಯಿಯ ಮಕ್ಕಳ ತಂಡ 1939, 1940, 1941—ಮೂರು ವರ್ಷವೂ ರಾಷ್ಟ್ರೀಯ ತಂಡ ಪ್ರಶಸ್ತಿಯನ್ನು ತನ್ನದಾಗಿಸಿಕೊಂಡಿತು.

ಬಾರದೆ ಹೋದ ಒಲಿಂಪಿಕ್

ಆದರೆ ಯಾವುದಕ್ಕಾಗಿ ಇಷ್ಟೆಲ್ಲ ಪರಿಶ್ರಮವೋ, ಅದೇ ಕೈತಪ್ಪಿತು. ಚೀನದೊಡನೆ ಯುದ್ಧದಲ್ಲಿ ತೊಡಗಿದ ಜಪಾನ್ 1938ರ ಜುಲೈನಲ್ಲಿ ಕ್ರೀಡೆಗಳನ್ನು ನಡೆಸಲಾರೆವೆಂದು ಕೈಚೆಲ್ಲಿತು. ಆ ಭಾಗ್ಯ ಫಿನ್ಲೆಂಡಿನ ಹೆಲ್ಸಿಂಕಿಗೆ ಬಂತು. ಅಷ್ಟರಲ್ಲಿ ಯೂರೋಪಿನಲ್ಲಿಯೂ ಯುದ್ಧ ಹೊತ್ತಿಕೊಂಡು, 1940ರ ಕ್ರೀಡೆಗಳು ನಡೆಯಲೇ ಇಲ್ಲ. 1944ರ ಕ್ರೀಡೆಗಳಿಗೂ ಅದೇ ಗತಿಯಾಯಿತು. 1941ರ ಡಿಸೆಂಬರ್ 7ರಂದು ಜಪಾನೀ ವಿಮಾನಗಳು ಹವಾಯಿಯ ಪರ್ಲ್ ಹಾರ್ಬರಿನ ಮೇಲೆ ಎರಗಿದ ಮೇಲಂತೂ, ಜಪಾನೀ ಹೆಸರು ಹೊತ್ತವರೆಲ್ಲ ಸಂಶಯಕ್ಕೆ ಗುರಿಯಾದರು.

ಹಿರೋಸೆ ಈಜುಡುಗೆ ಕಳಚಿ ಸೈನಿಕನ ಉಡುಪು ತೊಟ್ಟ. ಜಪಾನೀ ಮೂಲದ ಅಮೆರಿಕನರಿಂದಲೇ ಕೂಡಿ, ಇಟಲಿ ಮತ್ತು ಫ್ರಾನ್ಸುಗಳಲ್ಲಿ ಹೋರಾಡಿ ಅಪಾರ ಕೀರ್ತಿ ಪಡೆದ 442ನೆಯ ದಳದಲ್ಲಿ ಸೇವೆ ಸಲ್ಲಿಸಿದ. ಯುದ್ಧ ಮುಗಿದು, ಒಲಿಂಪಿಕ್ ಜ್ಯೋತಿ ಪುನಃ ಬೆಳಗಿದ್ದು 1948ರಲ್ಲಿ, ಲಂಡನ್ನಿನಲ್ಲಿ. ಅಷ್ಟು ಹೊತ್ತಿಗೆ ಮೊದಲ ಸಾಲಿನ ಮಕ್ಕಳ ಸ್ಪರ್ಧೆಯ ಪ್ರಾಯ ಮೀರಿತ್ತು.

ಆದರೂ ಗುರುವಿನ ವ್ರತ ನಿಷ್ಫಲವಾಗಲಿಲ್ಲ. ಹೊನೊಲುಲುವಿನಿಂದ ಬಂದು ಮೌಯಿಯಲ್ಲಿ ಸಕಮೊಟೊ ಅವರ ಬಳಿ ಪಳಗಿದ್ದ ಬಿಲ್ ಸ್ಮಿತ್ ಲಂಡನ್ನಿನಲ್ಲಿ 400 ಮೀಟರ್ ಈಜಿನಲ್ಲಿಯೂ, 800 ಮೀಟರ್ ಸರದಿ ಈಜಿನಲ್ಲಿಯೂ ಚಿನ್ನದ ಪದಕ ಗೆದ್ದ. 1952ರಲ್ಲಿ ಕೊನೆಗೂ ಹೆಲ್ಸಿಂಕಿಯಲ್ಲಿ ಕ್ರೀಡೆಗಳು ನಡೆದಾಗ, ಸಕಮೊಟೊ ಅವರ ಶಿಷ್ಯೆ ಎವೆಲಿನ್ ಕವಮೊಟೊ ಎರಡು ಕಂಚಿನ ಪದಕಗಳನ್ನು ಪಡೆದಳು.

ಒಲಿಂಪಿಕ್ ಕಾಣದ ಕಿಯೋ ನಕಾಮನ ಕಥೆಯೂ ಸೊಗಸಾದುದೇ. 1961ರಲ್ಲಿ, ನಲವತ್ತು ದಾಟಿದ ವಯಸ್ಸಿನಲ್ಲಿ, ಮೊಲೊಕಾಯಿ ಮತ್ತು ಒಆಹು ದ್ವೀಪಗಳ ನಡುವಣ ಸುಮಾರು 26 ಮೈಲಿಗಳ ಭೀಕರ ಕಡಲನ್ನು ಆತ ಹದಿನೈದು ಗಂಟೆಗಳಿಗೂ ಮಿಕ್ಕಿ ಈಜಿ ದಾಟಿದ. ಮುಂದೆ ಹವಾಯಿಯ ಶಾಸನಸಭೆಯ ಸದಸ್ಯನೂ ಆದ. ಪದಕದ ಕಟ್ಟೆಯೇರದಿದ್ದರೂ ಕಾಲುವೆ ಕಲಿಸಿದ ಎದುರೀಜು ಅವನನ್ನು ಬಿಟ್ಟಿರಲಿಲ್ಲ.

ಸಕಮೊಟೊ ಅವರು ಮುಂದೆ ಹವಾಯಿ ವಿಶ್ವವಿದ್ಯಾನಿಲಯದಲ್ಲಿ ತರಬೇತುದಾರರಾದರು. 1966ರಲ್ಲಿ ಅಂತರರಾಷ್ಟ್ರೀಯ ಈಜು ಕೀರ್ತಿಮಂದಿರದಲ್ಲಿ ಅವರ ಹೆಸರು ಸೇರಿತು. 1997ರಲ್ಲಿ, ತುಂಬು ಬಾಳು ಬಾಳಿ, ಅವರು ತೀರಿಕೊಂಡರು. ಪುನೇನೆಯ ಸಕ್ಕರೆ ಕಾರ್ಖಾನೆ 2016ರ ಡಿಸೆಂಬರಿನಲ್ಲಿ ಬಾಗಿಲು ಮುಚ್ಚಿತು. ಅದರೊಂದಿಗೆ ಹವಾಯಿಯ ದೊಡ್ಡ ಕಬ್ಬಿನ ತೋಟಗಳ ಕಾಲವೇ ಮುಗಿಯಿತು.

ಟೋಕಿಯೋಗೆ ಹೋಗಬೇಕೆಂದು ಹೊರಟ ಸಂಘ 1940ರಲ್ಲಿ ಟೋಕಿಯೋ ತಲುಪಲಿಲ್ಲ. ಆದರೆ ಕಾವಲಿನವನನ್ನು ಕಂಡು ಓಡುತ್ತಿದ್ದ ಕೂಲಿಗಾರರ ಮಕ್ಕಳು ರಾಷ್ಟ್ರದ ವಿಜೇತರಾದರು, ವಿಶ್ವವಿದ್ಯಾನಿಲಯಗಳ ಮೆಟ್ಟಿಲೇರಿದರು, ನಾಡಿಗೆ ಬೇಕಾದವರಾದರು. ಮಕ್ಕಳಿಗೆ ಸೌಕರ್ಯಗಳಿಲ್ಲವೆಂದು ಕೊರಗುವ ತಂದೆತಾಯಿಗಳೂ, ಶಾಲೆಗೆ ಅನುಕೂಲಗಳಿಲ್ಲವೆಂದು ಕೈಕಟ್ಟಿ ಕೂರುವ ಉಪಾಧ್ಯಾಯರೂ ಈ ಮೇಷ್ಟರನ್ನೊಮ್ಮೆ ನೆನೆಯಬಹುದು. ಅವರ ಬಳಿ ಮೊದಲಲ್ಲಿ ಇದ್ದುದು ಒಂದು ಕಾಲುವೆ ಮಾತ್ರ.