ಹಳೆಯ ಟಾರ್ಕ್ ವ್ರೆಂಚ್‌ಗಳ ದುರಸ್ತಿ

ಟಾರ್ಕ್ ವ್ರೆಂಚ್ ಎಂಬುದು ನಟ್ಟು ಹಾಗೂ ಬೋಲ್ಟುಗಳನ್ನು ನಿಗದಿತ ತಿರುಗುಬಲದಷ್ಟೇ, ಅಂದರೆ ನಿಗದಿತ ಟಾರ್ಕ್‌ನಷ್ಟೇ, ಬಿಗಿಗೊಳಿಸಲು ಬಳಸುವ ಕೈ ಉಪಕರಣವಾಗಿದೆ. ಇದು ಸ್ಪ್ಯಾನರೂ ಹೌದು, ಅಳತೆಯ ಸಾಧನವೂ ಹೌದು. ಹಲವು ದಶಕ ಬಳಸಿದ ಇಂತಹ ಉಪಕರಣವು ಕೆಟ್ಟಾಗ, ಅದರ ಬಿಡಿಭಾಗಗಳ ತಯಾರಿಕೆಯೂ ನಿಂತುಹೋಗಿದ್ದರೆ, ದುರಸ್ತಿ ಮಾಡಬೇಕೋ ಹೊಸದನ್ನು ಕೊಳ್ಳಬೇಕೋ ಎಂಬ ಪ್ರಶ್ನೆ ಏಳುತ್ತದೆ. ಸಾಮಾನ್ಯ ಸ್ಪ್ಯಾನರು ತಿರುಗಿದರೆ ಸಾಕು. ಟಾರ್ಕ್ ವ್ರೆಂಚ್ ತಿರುಗಿದರೆ ಸಾಲದು, ಅದು ತೋರಿಸುವ ಅಂಕಿಯೂ ನಿಜವಾಗಿರಬೇಕು. ಆದ್ದರಿಂದ ಅಳತೆಯ ನಿಖರತೆಯನ್ನು ಪರೀಕ್ಷಿಸಿ ಖಚಿತಪಡಿಸಿಕೊಂಡ ನಂತರವೇ ಇದರ ದುರಸ್ತಿ ಪೂರ್ಣಗೊಳ್ಳುತ್ತದೆ.

ಹಿನ್ನೆಲೆ

ಟಾರ್ಕ್ ಎಂದರೆ ಬಲ ಮತ್ತು ಸನ್ನೆಯ ಉದ್ದ ಇವುಗಳ ಗುಣಲಬ್ಧ. ತಿರುಗುವ ಬಿಂದುವಿನಿಂದ ಅರ್ಧ ಮೀಟರ್ ದೂರದಲ್ಲಿ, ಹಿಡಿಗೆ ಲಂಬವಾಗಿ 200 ನ್ಯೂಟನ್ ಬಲ ಪ್ರಯೋಗಿಸಿದರೆ 100 ನ್ಯೂಟನ್ ಮೀಟರ್ ಟಾರ್ಕ್ ಉಂಟಾಗುತ್ತದೆ. ಬೋಲ್ಟನ್ನು ಕಡಿಮೆ ಬಿಗಿಗೊಳಿಸಿದರೆ ಕಂಪನದಿಂದ ಅದು ಸಡಿಲಗೊಳ್ಳುತ್ತದೆ. ಅತಿಯಾಗಿ ಬಿಗಿಗೊಳಿಸಿದರೆ ಬೋಲ್ಟ್ ಶಾಶ್ವತವಾಗಿ ಹಿಗ್ಗುತ್ತದೆ ಅಥವಾ ತುಂಡಾಗುತ್ತದೆ. ಅಲ್ಯೂಮಿನಿಯಂ ಭಾಗಗಳಲ್ಲಿ ಥ್ರೆಡ್ ಕಿತ್ತುಬರುತ್ತದೆ. ವಾಹನದ ಚಕ್ರ, ಬ್ರೇಕು ಮತ್ತು ಎಂಜಿನ್ನಿನ ಸಿಲಿಂಡರ್ ಹೆಡ್ಡುಗಳಲ್ಲಿ ಇಂತಹ ದೋಷವು ಅಪಘಾತಕ್ಕೆ ಅಥವಾ ದೊಡ್ಡ ನಷ್ಟಕ್ಕೆ ಕಾರಣವಾಗಬಲ್ಲದು.

ಟಾರ್ಕ್ ವ್ರೆಂಚಿನ ಆವಿಷ್ಕಾರದ ಕೀರ್ತಿಯನ್ನು ಸಾಮಾನ್ಯವಾಗಿ ನ್ಯೂಯಾರ್ಕ್ ನಗರದ ನೀರು ಸರಬರಾಜು ಇಲಾಖೆಯಲ್ಲಿದ್ದ ಕಾನ್ರಾಡ್ ಬಾರ್ ಅವರಿಗೆ ನೀಡಲಾಗುತ್ತದೆ. ನೆಲದಡಿಯ ನೀರಿನ ಹಾಗೂ ಹಬೆಯ ಕೊಳವೆಗಳ ಬೋಲ್ಟುಗಳನ್ನು ಅತಿಯಾಗಿ ಬಿಗಿಗೊಳಿಸುವುದನ್ನು ತಡೆಯಲು ಅವರು 1918ರಲ್ಲಿ ಇದನ್ನು ರೂಪಿಸಿದರು ಎನ್ನಲಾಗಿದೆ. 1930ರ ದಶಕದಲ್ಲಿ ಇದರ ಹಲವು ರೂಪಗಳಿಗೆ ಅಮೆರಿಕದಲ್ಲಿ ಪೇಟೆಂಟ್ ದೊರೆಯಿತು.

ವಿಧಗಳು ಮತ್ತು ದುರಸ್ತಿಯ ಸಾಧ್ಯತೆ

ದಂಡದ ಮಾದರಿ: ಉಕ್ಕಿನ ದಂಡವೊಂದು ಬಾಗುತ್ತದೆ; ಅದರ ಪಕ್ಕದಲ್ಲಿರುವ, ಬಾಗದ ಸೂಚಕ ಮುಳ್ಳು ಅಳತೆಪಟ್ಟಿಯ ಮೇಲೆ ಟಾರ್ಕನ್ನು ತೋರಿಸುತ್ತದೆ. ಇದರಲ್ಲಿ ಸವೆಯುವ ಭಾಗಗಳು ಬಹಳ ಕಡಿಮೆ. ಮುಳ್ಳು ಸೊನ್ನೆಯಿಂದ ಸರಿದಿದ್ದರೆ ಅದನ್ನು ಎಚ್ಚರಿಕೆಯಿಂದ ಬಾಗಿಸಿ ಸೊನ್ನೆಗೆ ತರಬಹುದು. ಆದರೆ ದಂಡವೇ ಶಾಶ್ವತವಾಗಿ ಬಾಗಿದ್ದರೆ ಉಪಕರಣವನ್ನು ಕೈಬಿಡಬೇಕು.

ಕ್ಲಿಕ್ ಮಾದರಿ: ಹಿಡಿಯನ್ನು ತಿರುಗಿಸಿ ಬೇಕಾದ ಟಾರ್ಕನ್ನು ನಿಗದಿಪಡಿಸಲಾಗುತ್ತದೆ. ಆ ಮಟ್ಟ ತಲುಪಿದಾಗ 'ಕ್ಲಿಕ್' ಶಬ್ದ ಕೇಳಿಸುತ್ತದೆ. ವರ್ಕ್‌ಶಾಪುಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಒಳಭಾಗಗಳ ಸವೆತದ ಸಮಸ್ಯೆಯೂ ಇದರಲ್ಲೇ ಹೆಚ್ಚು.

ಡಯಲ್ ಮಾದರಿ: ಒಳಗಿನ ಸ್ಥಿತಿಸ್ಥಾಪಕ ಭಾಗದ ಅಲ್ಪ ಚಲನೆಯನ್ನು ಹಿಗ್ಗಿಸಿ ಮುಳ್ಳಿನ ಮೂಲಕ ತೋರಿಸಲಾಗುತ್ತದೆ. ಗಾಜು ಒಡೆದರೆ ಬದಲಿಸುವುದು ಸುಲಭ. ಚಲನೆಯನ್ನು ಹಿಗ್ಗಿಸುವ ವ್ಯವಸ್ಥೆ ಕೆಟ್ಟರೆ ಗಡಿಯಾರ ರಿಪೇರಿಯಷ್ಟು ಸೂಕ್ಷ್ಮ ಕೈಚಳಕ ಬೇಕಾಗುತ್ತದೆ.

ಎಲೆಕ್ಟ್ರಾನಿಕ್ ಮಾದರಿ: ಲೋಹದ ಅತಿ ಸಣ್ಣ ವಿರೂಪವನ್ನು ಅಳೆಯುವ ಸ್ಟ್ರೇನ್ ಗೇಜ್‌ಗಳು ಇದರಲ್ಲಿರುತ್ತವೆ. ಬ್ಯಾಟರಿಯ ಸಂಪರ್ಕವನ್ನು ಸರಿಪಡಿಸಬಹುದು. ತಯಾರಿಕೆ ನಿಂತ ಮಾದರಿಯ ಸರ್ಕ್ಯೂಟ್ ಬೋರ್ಡ್ ಕೆಟ್ಟರೆ ದುರಸ್ತಿ ಸಾಮಾನ್ಯವಾಗಿ ಸಾಧ್ಯವಾಗುವುದಿಲ್ಲ.

ಕ್ಲಿಕ್ ಮಾದರಿಯ ಒಳರಚನೆ

ಸಾಮಾನ್ಯ ವಿನ್ಯಾಸವೊಂದರಲ್ಲಿ ವ್ರೆಂಚಿನ ತಲೆಯ ಹಿಂಭಾಗವು ಬಾಲದಂತೆ ಕೊಳವೆಯೊಳಗೆ ಚಾಚಿಕೊಂಡಿದ್ದು, ಒಂದು ಪಿನ್ನಿನ ಮೇಲೆ ತುಸು ಓಲಾಡುತ್ತದೆ. ಬಾಲದ ತುದಿಗೂ ಸ್ಪ್ರಿಂಗ್ ಒತ್ತುವ ತುಂಡಿಗೂ ನಡುವೆ ಗಟ್ಟಿ ಉಕ್ಕಿನ ಚಿಕ್ಕ ಅಚ್ಚು ಇರುತ್ತದೆ. ಹಿಡಿಯನ್ನು ತಿರುಗಿಸಿದಷ್ಟೂ ಸ್ಪ್ರಿಂಗ್ ಒತ್ತಲ್ಪಟ್ಟು ಅಚ್ಚನ್ನು ಹೆಚ್ಚು ಬಲದಿಂದ ಹಿಡಿದಿಡುತ್ತದೆ. ಬೋಲ್ಟಿನ ಪ್ರತಿರೋಧವು ಆ ಹಿಡಿತವನ್ನು ಮೀರಿದಾಗ ಅಚ್ಚು ವಾಲುತ್ತದೆ, ಬಾಲವು ಕೊಳವೆಯ ಗೋಡೆಗೆ ಬಡಿಯುತ್ತದೆ. ಕೇಳಿಸುವ ಶಬ್ದ ಅದೇ. ಈ ಶಬ್ದವು ಸೂಚನೆ ಮಾತ್ರ, ತಡೆಯಲ್ಲ. ಆ ಬಳಿಕವೂ ಎಳೆದರೆ ಬೋಲ್ಟ್ ಇನ್ನಷ್ಟು ಬಿಗಿಯಾಗುತ್ತದೆ.

ಕೆಡುವ ಬಗೆ

ಒಳಗಿನ ಗ್ರೀಸ್ ಒಣಗಿದರೆ ಅಚ್ಚು ಸರಾಗವಾಗಿ ವಾಲುವುದಿಲ್ಲ. ಆಗ ಕ್ಲಿಕ್ ತಡವಾಗಿ ಬಂದು ಬೋಲ್ಟ್ ಅತಿ ಬಿಗಿಯಾಗುತ್ತದೆ. ವ್ರೆಂಚನ್ನು ಹೆಚ್ಚಿನ ಟಾರ್ಕ್‌ಗೆ ಹೊಂದಿಸಿದ ಸ್ಥಿತಿಯಲ್ಲೇ ವರ್ಷಗಟ್ಟಲೆ ಇಟ್ಟರೆ ಸ್ಪ್ರಿಂಗ್ ತುಸು ಕುಗ್ಗಬಹುದು. ಆಗ ಕ್ಲಿಕ್ ಬೇಗನೆ ಬಂದು ಬೋಲ್ಟ್ ಸಡಿಲವಾಗಿ ಉಳಿಯುತ್ತದೆ. ಅಚ್ಚಿನ ಅಂಚುಗಳು ಅಥವಾ ಪಿನ್ನು ಸವೆದರೆ ಒಂದೊಂದು ಸಲಕ್ಕೆ ಒಂದೊಂದು ಅಳತೆ ಬರುತ್ತದೆ. ಈ ಮೂರೂ ದೋಷಗಳಲ್ಲಿ ವ್ರೆಂಚ್ ಹೊರನೋಟಕ್ಕೆ ಸರಿಯಾಗಿಯೇ ಕಾಣುತ್ತದೆ, ಶಬ್ದವನ್ನೂ ಮಾಡುತ್ತದೆ. ತೂಕ ತಪ್ಪಿದ ತಕ್ಕಡಿಯಂತೆ ಇದು ಬಳಸುವವರಿಗೆ ಸುಳ್ಳು ಭರವಸೆ ಕೊಡುತ್ತದೆ.

ರ‍್ಯಾಚೆಟ್ ಜಾರುವುದು, ಹಿಡಿಯ ಬೀಗ ಮುರಿಯುವುದು, ಅಂಕಿಗಳು ಅಳಿಸಿಹೋಗುವುದು ಇವು ಕಣ್ಣಿಗೆ ಕಾಣುವ ದೋಷಗಳು. ಇವುಗಳಲ್ಲಿ ರ‍್ಯಾಚೆಟ್ಟಿನ ದೋಷವು ಸಾಮಾನ್ಯವಾಗಿ ಅಳತೆಯನ್ನು ಬದಲಿಸುವುದಿಲ್ಲ. ಬೀಗ ನಿಲ್ಲದಿದ್ದರೆ ಮಾತ್ರ ಹೊಂದಿಸಿದ ಅಂಕಿ ಕೆಲಸದ ನಡುವೆಯೇ ಸರಿಯಬಹುದು.

ಬಿಡಿಭಾಗಗಳ ಹುಡುಕಾಟ

ಮೊದಲು ಉಪಕರಣದ ಮೇಲಿನ ಹೆಸರು, ಮಾದರಿ ಸಂಖ್ಯೆ, ಗರಿಷ್ಠ ಸಾಮರ್ಥ್ಯ ಹಾಗೂ ಸಾಕೆಟ್ ಕೂರುವ ಚೌಕದ ಅಳತೆಯನ್ನು ಬರೆದುಕೊಳ್ಳಬೇಕು. ಮಾರುವ ಹೆಸರು ಒಂದು, ತಯಾರಿಸಿದ ಕಾರ್ಖಾನೆ ಇನ್ನೊಂದು ಆಗಿರುವುದುಂಟು. ಉದಾಹರಣೆಗೆ, ಅಮೆರಿಕದ ಸಿಯರ್ಸ್ ಸಂಸ್ಥೆಯು ಕ್ರಾಫ್ಟ್ಸ್‌ಮನ್ ಹೆಸರಿನ ಉಪಕರಣಗಳನ್ನು ಬೇರೆ ಬೇರೆ ಕಾರ್ಖಾನೆಗಳಿಂದ ಮಾಡಿಸಿ ಮಾರುತ್ತಿತ್ತು. ಅದರ ಅನೇಕ ಮಾದರಿ ಸಂಖ್ಯೆಗಳಲ್ಲಿ ಚುಕ್ಕೆಗಿಂತ ಮುಂಚಿನ ಮೂರು ಅಂಕಿಗಳು ತಯಾರಕರನ್ನು ಸೂಚಿಸುತ್ತವೆ. ಈ ಹೆಸರಿನ ಒಡೆತನ 2017ರಲ್ಲಿ ಸ್ಟ್ಯಾನ್ಲಿ ಬ್ಲ್ಯಾಕ್ ಅಂಡ್ ಡೆಕರ್ ಸಂಸ್ಥೆಗೆ ಹೋಯಿತು. ಇಂತಹ ಸಂದರ್ಭದಲ್ಲಿ ಮೂಲ ತಯಾರಕರು ಯಾರೆಂದು ತಿಳಿದರೆ, ಅದೇ ಭಾಗವು ಮತ್ತೊಂದು ಹೆಸರಿನಲ್ಲಿ ಸಿಗುವ ಸಾಧ್ಯತೆ ಇರುತ್ತದೆ. ಅದೇ ಮಾದರಿಯ ಮತ್ತೊಂದು ಕೆಟ್ಟ ವ್ರೆಂಚನ್ನು ಕೊಂಡು, ಎರಡರಿಂದ ಒಂದನ್ನು ಸಿದ್ಧಪಡಿಸುವುದು ಇನ್ನೊಂದು ದಾರಿ.

ಬದಲಿಸಬಹುದಾದ ಮತ್ತು ಬದಲಿಸಬಾರದ ಭಾಗಗಳು

ಉಕ್ಕಿನ ಗುಂಡುಗಳು, ಸರ್ಕ್ಲಿಪ್‌ಗಳು, ರ‍್ಯಾಚೆಟ್ಟಿನ ಚಿಕ್ಕ ಸ್ಪ್ರಿಂಗ್‌ಗಳು ಹೆಚ್ಚಾಗಿ ಪ್ರಮಾಣಿತ ಅಳತೆಗಳವು. ಬೇರಿಂಗ್ ಅಂಗಡಿಗಳಲ್ಲಿ ಅಥವಾ ಹಾರ್ಡ್‌ವೇರ್ ಅಂಗಡಿಗಳಲ್ಲಿ ದೊರೆಯುತ್ತವೆ. ಹಿಡಿಯ ಹೊದಿಕೆಯನ್ನು ಅಥವಾ ಬೀಗದ ಉಂಗುರವನ್ನು ಲೇತ್ ಕೆಲಸಗಾರರಿಂದ ಮಾಡಿಸಿಕೊಳ್ಳಬಹುದು. ತಲೆಯ ಪಿನ್ನನ್ನು ಮಾಡಿಸುವುದಾದರೆ ಮೆದು ಉಕ್ಕು ಸಲ್ಲದು. ಗಡಸುಗೊಳಿಸಿದ ಉಕ್ಕೇ ಬೇಕು.

ಮುಖ್ಯ ಸ್ಪ್ರಿಂಗಿನ ವಿಷಯ ಬೇರೆ. ಸುರುಳಿ ಸ್ಪ್ರಿಂಗಿನ ಬಿಗುವು ಅದರ ತಂತಿಯ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. 4 ಮಿಲಿಮೀಟರ್ ತಂತಿಯ ಬದಲು 4.2 ಮಿಲಿಮೀಟರ್ ತಂತಿ ಬಳಸಿ, ಉಳಿದ ಅಳತೆಗಳನ್ನು ಹಾಗೆಯೇ ಉಳಿಸಿಕೊಂಡರೂ, ಬಿಗುವು ಸುಮಾರು ಶೇಕಡ 22ರಷ್ಟು ಹೆಚ್ಚುತ್ತದೆ. ಹಿಡಿಯ ಮೇಲೆ ಕೆತ್ತಿದ ಅಂಕಿಗಳು ಮೂಲ ಸ್ಪ್ರಿಂಗಿಗೆ ಮಾತ್ರ ಹೊಂದುತ್ತವೆ. ಒಳಗಿನ ಹೊಂದಾಣಿಕೆ ಸ್ಕ್ರೂ ಇಡೀ ಅಳತೆಯನ್ನು ಮೇಲಕ್ಕೋ ಕೆಳಕ್ಕೋ ಸರಿಸಬಲ್ಲದೇ ಹೊರತು ಗೆರೆಗಳ ನಡುವಿನ ಅಂತರವನ್ನು ಬದಲಿಸಲಾರದು. ಹೀಗಾಗಿ ತುಸು ಕುಗ್ಗಿದ ಮೂಲ ಸ್ಪ್ರಿಂಗನ್ನು ಆ ಸ್ಕ್ರೂವಿನಿಂದ ಹಲವು ಸಲ ಸರಿದೂಗಿಸಬಹುದು. ಅಳತೆ ಹೊಂದದ ಹೊಸ ಸ್ಪ್ರಿಂಗನ್ನು ಸರಿದೂಗಿಸಲು ಬಾರದು. ಅದು ಒಂದು ಅಂಕಿಯಲ್ಲಿ ಸರಿಬಂದರೆ ಉಳಿದವುಗಳಲ್ಲಿ ತಪ್ಪುತ್ತದೆ.

ಬಿರುಕುಬಿಟ್ಟ ತಲೆ ಅಥವಾ ಚೌಕವನ್ನು ವೆಲ್ಡಿಂಗ್ ಮಾಡಿ ಬಳಸಬಾರದು. ಶಾಖದಿಂದ ಉಕ್ಕಿನ ಹದ ಕೆಡುತ್ತದೆ. ಎಳೆಯುವಾಗ ಮುರಿದರೆ ಕೈಗೆ, ಮುಖಕ್ಕೆ ಗಾಯವಾಗಬಹುದು.

ಬಿಚ್ಚುವ ಕ್ರಮ

ಬಿಚ್ಚುವ ಮೊದಲು ಹಿಡಿಯನ್ನು ಕನಿಷ್ಠ ಅಂಕಿಗೆ ತಂದು ಸ್ಪ್ರಿಂಗಿನ ಒತ್ತಡವನ್ನು ಇಳಿಸಬೇಕು. ಆಗಲೂ ಒಳಗೆ ಸ್ವಲ್ಪ ಒತ್ತಡ ಉಳಿದಿರುತ್ತದೆಯಾದ್ದರಿಂದ ಕಣ್ಣಿಗೆ ರಕ್ಷಣಾ ಕನ್ನಡಕ ಅಗತ್ಯ. ಹೊಂದಾಣಿಕೆ ಸ್ಕ್ರೂ ಎಷ್ಟು ಒಳಗಿದೆ ಎಂಬುದನ್ನು ಅಳೆದು, ಬಿಚ್ಚುವಾಗ ಸುತ್ತುಗಳನ್ನು ಎಣಿಸಿ ಬರೆದಿಡಬೇಕು. ಪ್ರತಿ ಹಂತದಲ್ಲೂ ಛಾಯಾಚಿತ್ರ ತೆಗೆಯುವುದು ಒಳ್ಳೆಯದು. ಅಚ್ಚು ಯಾವ ಮುಖವಾಗಿ ಕುಳಿತಿತ್ತು ಎಂಬುದು ಮರೆತರೆ ಮರುಜೋಡಣೆ ಕಷ್ಟ. ಹಳೆಯ ಗ್ರೀಸನ್ನು ಒರೆಸಿ ತೆಗೆದು, ತಯಾರಕರು ಸೂಚಿಸಿದ ಬಗೆಯ ಗ್ರೀಸನ್ನು ತೆಳುವಾಗಿ ಹಚ್ಚಬೇಕು. ಅನೇಕ ಹಳೆಯ ವ್ರೆಂಚ್‌ಗಳಿಗೆ ಶುಚಿಗೊಳಿಸುವಿಕೆ ಮತ್ತು ಗ್ರೀಸ್ ಇವಷ್ಟೇ ಸಾಕಾಗುತ್ತವೆ. ಹೊಸ ಭಾಗಗಳ ಅಗತ್ಯವೇ ಬೀಳುವುದಿಲ್ಲ.

ಮಾಪನಾಂಕ ನಿರ್ಣಯ

ಒಳಭಾಗವನ್ನು ಬಿಚ್ಚಿದ ಯಾವುದೇ ವ್ರೆಂಚನ್ನು ಮಾಪನಾಂಕ ನಿರ್ಣಯಕ್ಕೆ, ಅಂದರೆ ಕ್ಯಾಲಿಬ್ರೇಷನ್‌ಗೆ, ಒಳಪಡಿಸಬೇಕು. ಕೈ ಟಾರ್ಕ್ ಉಪಕರಣಗಳಿಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಮಾನಕವೇ ಐಎಸ್‌ಒ 6789. 2017ರಲ್ಲಿ ಇದನ್ನು ಎರಡು ಭಾಗಗಳಾಗಿ ಪ್ರಕಟಿಸಲಾಯಿತು. 10 ನ್ಯೂಟನ್ ಮೀಟರಿಗಿಂತ ಹೆಚ್ಚಿನ ಸಾಮರ್ಥ್ಯದ, ಅಳತೆಪಟ್ಟಿಯುಳ್ಳ ಕ್ಲಿಕ್ ಮಾದರಿಗೆ ಈ ಮಾನಕವು ಶೇಕಡ 4ರವರೆಗಿನ ಹೆಚ್ಚುಕಡಿಮೆಯನ್ನು ಒಪ್ಪುತ್ತದೆ. ಪರೀಕ್ಷೆಯನ್ನು ಗರಿಷ್ಠ ಸಾಮರ್ಥ್ಯದ ಶೇಕಡ 20, 60 ಮತ್ತು 100ರಲ್ಲಿ ನಡೆಸಲಾಗುತ್ತದೆ. ಮೂರು ಬಿಂದುಗಳಲ್ಲಿ ಪರೀಕ್ಷಿಸುವುದರಿಂದಲೇ ಹೊಂದದ ಸ್ಪ್ರಿಂಗಿನ ದೋಷ ಹೊರಬೀಳುತ್ತದೆ. ಭಾರತದಲ್ಲಿ ಎನ್‌ಎಬಿಎಲ್ ಮಾನ್ಯತೆ ಪಡೆದ ಪ್ರಯೋಗಾಲಯಗಳು ಮಾಪನಾಂಕ ನಿರ್ಣಯದ ಪ್ರಮಾಣಪತ್ರ ನೀಡುತ್ತವೆ.

ತೂಕದ ಮೂಲಕ ಪರೀಕ್ಷೆ

ಪ್ರಯೋಗಾಲಯಕ್ಕೆ ಕಳುಹಿಸುವ ಮೊದಲು ಸ್ಥೂಲವಾಗಿ ಪರೀಕ್ಷಿಸಲು ತೂಕದ ವಿಧಾನ ಉಪಯುಕ್ತ. ವ್ರೆಂಚಿನ ಚೌಕವನ್ನು ವೈಸಿನಲ್ಲಿ ಬಿಗಿದು, ಹಿಡಿಯನ್ನು ನೆಲಕ್ಕೆ ಸಮಾಂತರವಾಗಿರಿಸಿ, ಹಿಡಿಯ ನಡುವೆ ಗೊತ್ತಿರುವ ತೂಕವನ್ನು ಮೆಲ್ಲನೆ ತೂಗುಬಿಡಬೇಕು. ಚೌಕದ ಮಧ್ಯದಿಂದ 0.4 ಮೀಟರ್ ದೂರದಲ್ಲಿ 20 ಕಿಲೋಗ್ರಾಂ ತೂಗಿಸಿದರೆ, 20 × 9.8 × 0.4 = 78.4 ನ್ಯೂಟನ್ ಮೀಟರ್. ವ್ರೆಂಚಿನ ಸ್ವಂತ ಭಾರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 1.2 ಕಿಲೋಗ್ರಾಂ ತೂಕದ ವ್ರೆಂಚಿನ ಗುರುತ್ವಕೇಂದ್ರ 0.2 ಮೀಟರ್ ದೂರದಲ್ಲಿದ್ದರೆ ಸುಮಾರು 2.35 ನ್ಯೂಟನ್ ಮೀಟರ್ ಸೇರುತ್ತದೆ. ಇದು ತೂಗಿಸಿದ ಭಾರದ ಟಾರ್ಕ್‌ನ ಶೇಕಡ 3ರಷ್ಟಾಗುತ್ತದೆ. ಒಪ್ಪಿತ ದೋಷವೇ ಶೇಕಡ 4 ಇರುವಾಗ ಇದನ್ನು ಕಡೆಗಣಿಸುವಂತಿಲ್ಲ. ಈ ವಿಧಾನದಿಂದ ದೊಡ್ಡ ತಪ್ಪುಗಳನ್ನು ಕಂಡುಹಿಡಿಯಬಹುದು. ಪ್ರಮಾಣಪತ್ರಕ್ಕೆ ಇದು ಪರ್ಯಾಯವಲ್ಲ.

ಬದಲಿಸುವ ನಿರ್ಧಾರ

ತಲೆ, ಕೊಳವೆ ಅಥವಾ ಚೌಕದಲ್ಲಿ ಬಿರುಕಿದ್ದರೆ, ಮೂಲ ಸ್ಪ್ರಿಂಗ್ ಮುರಿದಿದ್ದರೆ, ಒಂದೇ ಅಂಕಿಯಲ್ಲಿ ಪ್ರತಿಸಲವೂ ಬೇರೆ ಬೇರೆ ಫಲಿತಾಂಶ ಬರುತ್ತಿದ್ದರೆ ಹೊಸದನ್ನು ಕೊಳ್ಳುವುದೇ ಸೂಕ್ತ. ದುರಸ್ತಿಯ ವೆಚ್ಚದ ಜೊತೆಗೆ ಮಾಪನಾಂಕ ನಿರ್ಣಯದ ಶುಲ್ಕವನ್ನೂ ಸೇರಿಸಿ ಹೊಸದರ ಬೆಲೆಯೊಂದಿಗೆ ಹೋಲಿಸಬೇಕು. ರ‍್ಯಾಚೆಟ್ ಮಾತ್ರ ಕೆಟ್ಟಿದ್ದು ಅಳತೆ ಸ್ಥಿರವಾಗಿದ್ದರೆ ಹಳೆಯದನ್ನು ಉಳಿಸಿಕೊಳ್ಳಬಹುದು.

ಹೊಸದನ್ನು ಆರಿಸುವಾಗ ದೊಡ್ಡ ಸಾಮರ್ಥ್ಯದ ಒಂದೇ ವ್ರೆಂಚ್ ಎಲ್ಲ ಕೆಲಸಕ್ಕೂ ಸಾಲದು ಎಂಬುದನ್ನು ನೆನಪಿಡಬೇಕು. ಪರೀಕ್ಷೆಯು ಶೇಕಡ 20ರಿಂದ ಆರಂಭವಾಗುವುದರಿಂದ, 200 ನ್ಯೂಟನ್ ಮೀಟರ್ ವ್ರೆಂಚನ್ನು 40ಕ್ಕಿಂತ ಕಡಿಮೆ ಟಾರ್ಕ್‌ಗೆ ನೆಚ್ಚಿಕೊಳ್ಳಬಾರದು. ಹಳೆಯ ಉಪಕರಣಗಳಲ್ಲಿ ಮತ್ತು ವಾಹನ ಕೈಪಿಡಿಗಳಲ್ಲಿ ಬೇರೆ ಮಾನಗಳಿರುವುದರಿಂದ ಪರಿವರ್ತನೆಯೂ ಅಗತ್ಯ: 1 ಪೌಂಡ್ ಅಡಿ ಎಂದರೆ ಸುಮಾರು 1.356 ನ್ಯೂಟನ್ ಮೀಟರ್. 1 ಕಿಲೋಗ್ರಾಂ ಬಲ ಮೀಟರ್ ಎಂದರೆ ಸುಮಾರು 9.81 ನ್ಯೂಟನ್ ಮೀಟರ್.

ಸಂರಕ್ಷಣೆ

ಹೊಂದಿಸುವ ಸ್ಪ್ರಿಂಗುಳ್ಳ ಸಾಮಾನ್ಯ ಕ್ಲಿಕ್ ವ್ರೆಂಚನ್ನು ಕೆಲಸ ಮುಗಿದ ಬಳಿಕ ಕನಿಷ್ಠ ಅಂಕಿಗೆ ಇಳಿಸಿಡಬೇಕು, ಅದಕ್ಕಿಂತ ಕೆಳಕ್ಕೆ ಬಿಚ್ಚಬಾರದು. ತುಕ್ಕು ಹಿಡಿದ ಬೋಲ್ಟನ್ನು ಕಳಚಲು ಇದನ್ನು ಬಳಸಬಾರದು, ಹಿಡಿಗೆ ಪೈಪು ತೊಡಿಸಿ ಉದ್ದ ಮಾಡಬಾರದು. ಕೆಳಗೆ ಬಿದ್ದ ವ್ರೆಂಚನ್ನು ಪರೀಕ್ಷಿಸದೆ ಮತ್ತೆ ಬಳಸಬಾರದು. ಬಹುಕಾಲ ಬಳಸದೆ ಇಟ್ಟಿದ್ದರೆ, ಒಳಗಿನ ಗ್ರೀಸ್ ಹರಡುವಂತೆ ಕೆಲವು ಸಲ ಕ್ಲಿಕ್ ಮಾಡಿಸಿದ ನಂತರವೇ ಕೆಲಸಕ್ಕೆ ತೊಡಗಬೇಕು. ಬೇರೆ ಅವಧಿಯನ್ನು ನಿಗದಿಪಡಿಸದಿದ್ದಲ್ಲಿ 12 ತಿಂಗಳಿಗೊಮ್ಮೆ ಅಥವಾ 5000 ಬಳಕೆಗಳಿಗೊಮ್ಮೆ, ಯಾವುದು ಮೊದಲೋ ಆಗ, ಮಾಪನಾಂಕ ನಿರ್ಣಯ ಮಾಡಿಸುವುದು ರೂಢಿಯಲ್ಲಿದೆ.

ಇವನ್ನೂ ನೋಡಿ

ಟಾರ್ಕ್
ಸನ್ನೆ
ಸ್ಪ್ಯಾನರ್
ಘರ್ಷಣೆ
ಮಾಪನಶಾಸ್ತ್ರ