ಬಳೆ ಏರದ ಕೈಗೆ ಹಗುರ ಸ್ಪರ್ಶ

ನಾಳೆ ಗೌರಿಹಬ್ಬ. ಗೃಹಿಣಿ ಹಸುರು ಗಾಜಿನ ಬಳೆಗಳನ್ನು ಮುಂದಿಟ್ಟುಕೊಂಡು ಕುಳಿತಿದ್ದಾಳೆ. ಎಡಗೈಗೆ ಬಳೆಗಳು ಸರಾಗವಾಗಿ ಏರಿದವು. ಬಲಗೈಯಲ್ಲಿ ಮೊದಲನೆಯ ಬಳೆಯೇ ಹೆಬ್ಬೆರಳಿನ ಬುಡದಲ್ಲಿ ನಿಂತುಬಿಟ್ಟಿತು. ಕೈ ಊದಿದೆ, ಭಾರವಾಗಿದೆ. ನೋವು ಮಾತ್ರ ಅಷ್ಟಾಗಿ ಇಲ್ಲ. ಎರಡು ವರ್ಷಗಳ ಹಿಂದೆ ಆಕೆಗೆ ಸ್ತನದ ಕ್ಯಾನ್ಸರಿಗಾಗಿ ಶಸ್ತ್ರಚಿಕಿತ್ಸೆ ನಡೆದಿತ್ತು. “ಬಿಸಿ ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕೋಣ, ಬಾಮ್ಮ, ನೀರು ಇಳಿದುಹೋಗುತ್ತೆ” ಎನ್ನುತ್ತಾರೆ ಅತ್ತೆ.

ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಸ್ತನದ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರಲ್ಲಿ ಸುಮಾರು ಐವರಿಗೆ ಒಬ್ಬರಂತೆ ಈ ಕೈಬಾವಿಗೆ ಗುರಿಯಾಗುತ್ತಾರೆ. ಅತ್ತೆಯವರ ಮಾತಿನ ಹಿಂದೆ ಇರುವುದು ಅಕ್ಕರೆಯೇ. ಆದರೆ ಆ ಕೈಗೆ ಬೇಕಾದುದು ಬಲವಾದ ತಿಕ್ಕಾಟವಲ್ಲ. ಅದಕ್ಕೆ ತೀರ ಬೇರೆ ಬಗೆಯ ಒಂದು ಅಂಗಮರ್ದನವುಂಟು. ಅದರ ಸ್ಪರ್ಶ ನವಿಲುಗರಿಯಷ್ಟಲ್ಲದಿದ್ದರೂ, ಮಲಗಿದ ಮಗುವಿನ ಕೆನ್ನೆ ಸವರುವಷ್ಟು ಹಗುರ.

ಹೃದಯವಿಲ್ಲದ ಹೊಳೆ

ದೇಹದಲ್ಲಿ ರಕ್ತ ಹರಿಯುವುದನ್ನು ಎಲ್ಲರೂ ಬಲ್ಲರು. ಅದರ ಜೊತೆಗೇ ಸದ್ದಿಲ್ಲದೆ ಹರಿಯುವ ಇನ್ನೊಂದು ಹೊಳೆಯುಂಟು, ಅದೇ ದುಗ್ಧರಸ. ರಕ್ತವು ಕೂದಲಿಗಿಂತಲೂ ತೆಳುವಾದ ಲೋಮನಾಳಗಳಲ್ಲಿ ಸಾಗುವಾಗ ಅದರ ನೀರಿನಂಶ ಗೋಡೆಯಿಂದ ಹೊರಕ್ಕೆ ಜಿನುಗುತ್ತದೆ. ಅದರೊಡನೆ ಒಂದಿಷ್ಟು ಸಸಾರಜನಕವೂ ಹೊರಬೀಳುತ್ತದೆ. ಹೀಗೆ ಜಿನುಗಿದ ದ್ರವವನ್ನು ದುಗ್ಧನಾಳಗಳು ಹೀರಿಕೊಂಡು, ದಿನಕ್ಕೆ ಹಲವು ಲೀಟರುಗಳ ಪ್ರಮಾಣದಲ್ಲಿ ಮತ್ತೆ ರಕ್ತಕ್ಕೆ ಸೇರಿಸುತ್ತವೆ. ದಾರಿಯಲ್ಲಿ ಕಂಕುಳು, ಕೊರಳು, ತೊಡೆಸಂದು ಮೊದಲಾದೆಡೆ ದುಗ್ಧಗ್ರಂಥಿಗಳೆಂಬ ಕಾವಲು ಠಾಣೆಗಳಿವೆ. ದೇಹದಲ್ಲೆಲ್ಲ ಇಂತಹವು ನೂರಾರು. ರೋಗಾಣುಗಳನ್ನು ತಡೆದು ಶೋಧಿಸುವುದು ಅವುಗಳ ಕೆಲಸ.

ಈ ಹೊಳೆಯನ್ನು ಕಂಡುಹಿಡಿದ ಕಥೆಯೂ ಸ್ವಾರಸ್ಯವಾದುದು. ೧೬೨೨ರಲ್ಲಿ ಇಟಲಿಯ ವೈದ್ಯ ಗಾಸ್ಪಾರೆ ಅಸೆಲ್ಲಿಯು, ಆಗತಾನೆ ಆಹಾರ ತಿಂದಿದ್ದ ನಾಯಿಯೊಂದರ ಉದರವನ್ನು ಸೀಳಿ ನೋಡುತ್ತಿದ್ದಾಗ ಕರುಳಿನ ಪರೆಯಲ್ಲಿ ಬಿಳಿಯ ಎಳೆಗಳನ್ನು ಕಂಡನು. ಒಂದನ್ನು ಕತ್ತರಿಸಲು ಹಾಲಿನಂತಹ ದ್ರವ ಒಸರಿತು. ಮುಂದೆ ೧೬೫೦ರ ದಶಕದಲ್ಲಿ ಸ್ವೀಡನ್ನಿನ ರುಡ್‌ಬೆಕ್ ಮತ್ತು ಡೆನ್ಮಾರ್ಕಿನ ಬಾರ್ತೊಲಿನ್ ಇವರು ಇಡೀ ದೇಹದಲ್ಲಿ ಹಬ್ಬಿದ ಈ ನಾಳಗಳ ಜಾಲವನ್ನು ವಿವರಿಸಿದರು.

ರಕ್ತವನ್ನು ತಳ್ಳಲು ಹೃದಯವಿದೆ. ದುಗ್ಧರಸಕ್ಕೆ ಅಂತಹ ಯಂತ್ರವಿಲ್ಲ. ಸ್ನಾಯುಗಳ ಚಲನೆ, ಉಸಿರಾಟದ ಏರಿಳಿತ, ನಾಳಗಳು ನಿಮಿಷಕ್ಕೆ ಕೆಲವು ಬಾರಿ ತಾವಾಗಿಯೇ ಸಂಕುಚಿಸುವ ಶಕ್ತಿ, ಇವೇ ಅದಕ್ಕೆ ಆಧಾರ. ಹಿಂದಕ್ಕೆ ಹರಿಯದಂತೆ ಒಳಗೆ ಪುಟ್ಟ ಕವಾಟಗಳಿವೆ. ಕೊನೆಗೆ ಕೊರಳಿನ ಬುಡದಲ್ಲಿ ಈ ಹೊಳೆ ದೊಡ್ಡ ಅಭಿಧಮನಿಗಳನ್ನು ಕೂಡಿಕೊಳ್ಳುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ಗ್ರಂಥಿಗಳನ್ನು ತೆಗೆದರೆ, ಅಥವಾ ವಿಕಿರಣ ಚಿಕಿತ್ಸೆಯಿಂದ ಅವು ಗಡುಸಾದರೆ, ಕೈಯ ದ್ರವಕ್ಕೆ ದಾರಿ ಇಕ್ಕಟ್ಟಾಗುತ್ತದೆ. ಬಳೆ ಏರದ ಕಾರಣ ಇದೇ.

ದಂಪತಿಗಳ ಸಾಹಸ

ಡೆನ್ಮಾರ್ಕಿನ ಎಮಿಲ್ ವೊಡ್ಡರ್ ಮತ್ತು ಆತನ ಪತ್ನಿ ಎಸ್ಟ್ರಿಡ್ ೧೯೩೦ರ ದಶಕದ ಮೊದಲಲ್ಲಿ ಫ್ರಾನ್ಸಿನ ಕಡಲತೀರದ ಕಾನ್ ನಗರದಲ್ಲಿ ಅಂಗಮರ್ದನದ ವೃತ್ತಿ ನಡೆಸುತ್ತಿದ್ದರು. ಸದಾ ನೆಗಡಿಯಿಂದ ನರಳುವ ರೋಗಿಗಳು ಅವರಲ್ಲಿಗೆ ಬರುತ್ತಿದ್ದರು. ಅವರ ಕೊರಳಿನ ಗ್ರಂಥಿಗಳು ಊದಿರುತ್ತಿದ್ದವು. ಅಂತಹ ಗ್ರಂಥಿಗಳನ್ನು ಮುಟ್ಟಬಾರದೆಂಬುದು ಅಂದಿನ ನಿಯಮ. ವೊಡ್ಡರ್ ಧೈರ್ಯಮಾಡಿ ಅವುಗಳ ಮೇಲೆ ಮೃದುವಾಗಿ, ವರ್ತುಲಾಕಾರವಾಗಿ ಬೆರಳಾಡಿಸಿದನು. ೧೯೩೬ರಲ್ಲಿ ದಂಪತಿಗಳು ತಮ್ಮ ಪದ್ಧತಿಯನ್ನು ಪ್ಯಾರಿಸ್ಸಿನಲ್ಲಿ ಲೋಕದ ಮುಂದಿಟ್ಟರು. ವೊಡ್ಡರ್ ವೈದ್ಯನಾಗಿರಲಿಲ್ಲ, ವೈದ್ಯಲೋಕ ಕೂಡಲೇ ಕಿವಿಗೊಡಲಿಲ್ಲ. ೧೯೬೦ರ ದಶಕದಲ್ಲಿ ಜರ್ಮನಿಯ ವೈದ್ಯ ಅಸ್ಡಾಂಕ್ ಅದನ್ನು ಪರೀಕ್ಷೆಗೊಳಪಡಿಸಿದ ಮೇಲೆ ಅದಕ್ಕೆ ಮನ್ನಣೆ ಬರತೊಡಗಿತು. ಅನಂತರ ಮಿಖಾಯೆಲ್ ಫೋಲ್ಡಿ ಎಂಬ ವೈದ್ಯ ಮರ್ದನ, ಬಿಗಿಪಟ್ಟಿ, ವ್ಯಾಯಾಮ, ಚರ್ಮರಕ್ಷಣೆ ಈ ನಾಲ್ಕನ್ನೂ ಹೊಂದಿಸಿ ಒಂದು ಸಮಗ್ರ ಚಿಕಿತ್ಸೆಯನ್ನು ರೂಪಿಸಿದನು.

ಮೊದಲು ಕಾಲುವೆ, ಆಮೇಲೆ ಕೆರೆ

ಹಗುರವಾಗಿ ಮುಟ್ಟಿದರೆ ಬಾವು ಇಳಿಯುವುದು ಹೇಗೆ? ಇದರ ಗುಟ್ಟು ದುಗ್ಧನಾಳಗಳ ರಚನೆಯಲ್ಲಿದೆ. ಚರ್ಮದ ಕೆಳಗಿರುವ ಮೊದಲ ಹಂತದ ನಾಳಗಳ ಗೋಡೆಯ ಕೋಶಗಳು ಒಂದರ ಮೇಲೊಂದು ಹಂಚಿನಂತೆ ಒರಗಿರುತ್ತವೆ. ಸೂಕ್ಷ್ಮವಾದ ಎಳೆಗಳು ಅವನ್ನು ಸುತ್ತಲಿನ ಮಾಂಸಕ್ಕೆ ಬಿಗಿದಿರುತ್ತವೆ. ಚರ್ಮವನ್ನು ಮೆಲ್ಲನೆ ಹಿಗ್ಗಿಸಿದಾಗ ಎಳೆಗಳು ಜಗ್ಗಿ ಬಾಗಿಲುಗಳು ತೆರೆಯುತ್ತವೆ, ದ್ರವ ಒಳಸೇರುತ್ತದೆ. ಕೈ ಸಡಿಲಿಸಿದಾಗ ಬಾಗಿಲು ಮುಚ್ಚಿ ದ್ರವ ಮುಂದಕ್ಕೆ ಸರಿಯುತ್ತದೆ. ಗಟ್ಟಿಯಾಗಿ ಅದುಮಿದರೆ ಈ ಸೂಕ್ಷ್ಮ ನಾಳಗಳೇ ಚಪ್ಪಟೆಯಾಗುತ್ತವೆ. ಅಷ್ಟೇ ಅಲ್ಲ, ಅಲ್ಲಿಗೆ ರಕ್ತದ ಹರಿವು ಹೆಚ್ಚಿ ಇನ್ನಷ್ಟು ದ್ರವ ಜಿನುಗಲೂ ಎಡೆಯಾಗುತ್ತದೆ. ಆದ್ದರಿಂದಲೇ ಈ ಮರ್ದನದಲ್ಲಿ ಎಣ್ಣೆಯ ಜಾರಿಕೆ ಬೇಡ, ಚರ್ಮ ಕೆಂಪಾಗುವಷ್ಟು ಬಲವೂ ಬೇಡ.

ಅದರ ಕ್ರಮವೂ ಅಚ್ಚರಿ ಹುಟ್ಟಿಸುವಂತಹುದು. ಊದಿರುವುದು ಬಲಗೈ, ಆದರೆ ಚಿಕಿತ್ಸಕಿ ಮೊದಲು ಮುಟ್ಟುವುದು ಕೊರಳನ್ನು. ಬಳಿಕ ಆರೋಗ್ಯವಾಗಿರುವ ಎಡಕಂಕುಳು, ಎದೆ, ಬೆನ್ನು. ಅನಂತರ ಬಲಗೈಯ ತೋಳು, ಮುಂಗೈ, ಕೊನೆಗೆ ಬೆರಳು. ರೈತರಿಗೆ ಇದು ಹೊಸ ಮಾತಲ್ಲ. ಕೆರೆಯ ತೂಬು ತೆಗೆಯುವ ಮುನ್ನ ಕಾಲುವೆಯ ಹೂಳು ತೆಗೆದಿರಬೇಕು. ಇಲ್ಲವಾದರೆ ನೀರು ಎಲ್ಲಿಗೆ ಹೋದೀತು? ಮುಚ್ಚಿದ ಬಲಕಂಕುಳ ದಾರಿಯನ್ನು ಬಿಟ್ಟು, ದ್ರವವನ್ನು ಸುತ್ತುದಾರಿಯಿಂದ ಆರೋಗ್ಯವಂತ ಗ್ರಂಥಿಗಳತ್ತ ತಿರುಗಿಸುವುದೇ ಇಲ್ಲಿನ ಉಪಾಯ.

ಆದರೆ ಬರಿಯ ಮರ್ದನ ಸಾಲದು. ಹೊರಕ್ಕೆ ಹೋದ ದ್ರವ ಮತ್ತೆ ತುಂಬದಂತೆ ಕೈಗೆ ಬಿಗಿಪಟ್ಟಿ ಸುತ್ತಬೇಕು. ಬಾವು ಇಳಿದ ಮೇಲೆ ಅಳತೆಗೆ ತಕ್ಕ ಬಿಗಿತೋಳು ತೊಡಬೇಕು. ೨೦೧೫ರಲ್ಲಿ ಕಾಕ್ರೇನ್ ಸಂಸ್ಥೆಯು ಆರು ಪ್ರಯೋಗಗಳನ್ನು ತೂಗಿನೋಡಿ ಪ್ರಕಟಿಸಿದ ಸಮೀಕ್ಷೆಯ ತಾತ್ಪರ್ಯವೂ ಇದೇ: ಬಾವು ಇಳಿಸುವುದರಲ್ಲಿ ದೊಡ್ಡ ಪಾಲು ಬಿಗಿಪಟ್ಟಿಯದು, ಬಾವು ಇನ್ನೂ ಅತಿಯಾಗಿ ಬೆಳೆದಿರದವರಿಗೆ ಮರ್ದನವು ಅದರೊಡನೆ ಸೇರಿ ಇನ್ನಷ್ಟು ನೆರವಾಗಬಹುದು.

ಆನೆಕಾಲಿನ ನಾಡಿನಲ್ಲಿ

ದುಗ್ಧನಾಳಗಳು ಕೆಡುವುದು ಕ್ಯಾನ್ಸರ್ ಚಿಕಿತ್ಸೆಯಿಂದ ಮಾತ್ರವಲ್ಲ. ಸೊಳ್ಳೆಯ ಮೂಲಕ ಹರಡುವ ಹುಳುಗಳು ಈ ನಾಳಗಳಲ್ಲಿ ಬೀಡುಬಿಟ್ಟು ತರುವ ಆನೆಕಾಲು ರೋಗವನ್ನು ಕರ್ನಾಟಕದ ಕರಾವಳಿಯೂ ಕಲಬುರಗಿಯ ಸೀಮೆಯೂ ಬಹುಕಾಲದಿಂದ ಬಲ್ಲವು. ಕನ್ನಡಿಗರೂ ನೆಲೆಸಿರುವ ಕಾಸರಗೋಡಿನಲ್ಲಿ ಚರ್ಮವಿಜ್ಞಾನದ ಸಂಸ್ಥೆಯೊಂದು ಅಂತಹ ರೋಗಿಗಳಿಗೆ ಕಾಲು ತೊಳೆದು ಒರಸುವುದು, ಆಯುರ್ವೇದದ ಕಷಾಯ, ಯೋಗ, ಮರ್ದನ, ಬಿಗಿಪಟ್ಟಿ ಇವನ್ನೆಲ್ಲ ಕೂಡಿಸಿ ಚಿಕಿತ್ಸೆ ನೀಡುತ್ತ ಬಂದಿದೆ. ರೋಗಿಗಳೂ ಮನೆಯವರೂ ಅದನ್ನು ಕಲಿತು ಮನೆಯಲ್ಲಿಯೇ ಮುಂದುವರಿಸುತ್ತಾರೆ.

ಎಚ್ಚರದ ಮಾತು

ಯಾವ ಒಳ್ಳೆಯ ವಸ್ತುವಿಗೂ ಅತಿಶಯೋಕ್ತಿಯ ಬಣ್ಣ ಬೇಗ ಹತ್ತುತ್ತದೆ. ಈ ಮರ್ದನದಿಂದ ಬೊಜ್ಜು ಕರಗುತ್ತದೆ, ದೇಹದ ವಿಷವೆಲ್ಲ ಹೊರಹೋಗುತ್ತದೆ ಎಂದು ಸೌಂದರ್ಯಾಲಯಗಳು ಸಾರುವುದುಂಟು. ವಿಷಗಳನ್ನು ಹೊರಹಾಕುವ ಕೆಲಸ ಯಕೃತ್ತು ಮತ್ತು ಮೂತ್ರಪಿಂಡಗಳದು. ಸರಿದುಹೋಗುವುದು ನೀರೇ ಹೊರತು ಕೊಬ್ಬಲ್ಲ.

ಇನ್ನು ಕೆಲವರಿಗೆ ಈ ಚಿಕಿತ್ಸೆ ಅಪಾಯಕರ. ಹೃದಯ ದುರ್ಬಲವಾಗಿರುವವರು, ಕಾಲಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರುವವರು ಇದನ್ನು ಮಾಡಿಸಿಕೊಳ್ಳಬಾರದು. ಕೈ ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಅದು ಸೋಂಕಿನ ಲಕ್ಷಣ; ಮೊದಲು ಓಡಬೇಕಾದುದು ವೈದ್ಯರ ಬಳಿಗೆ. ಹೊಸದಾಗಿ ಬಾವು ಕಂಡಾಗಲೂ ಅದರ ಕಾರಣವನ್ನು ವೈದ್ಯರು ನಿರ್ಧರಿಸಿದ ಮೇಲೆಯೇ, ಅದಕ್ಕಾಗಿ ತರಬೇತಿ ಪಡೆದವರ ಕೈಗೆ ಕೈ ಕೊಡಬೇಕು.

ತಡಮಾಡಿದಷ್ಟೂ ಬಾವು ಗಟ್ಟಿಯಾಗುತ್ತದೆ. ಬೇಗನೆ ಆರಂಭಿಸಿದಷ್ಟೂ ಫಲ ಹೆಚ್ಚು. ಬೇರುಸಹಿತ ಕೀಳುವ ಔಷಧ ಇದಲ್ಲ. ದಿನದಿನವೂ ಪಾಲಿಸಬೇಕಾದ ನಿಯಮ. ಆ ಹಬ್ಬದ ಮನೆಯ ಅತ್ತೆ ಎಣ್ಣೆಯ ಬಟ್ಟಲನ್ನು ಬದಿಗಿಟ್ಟು, ಸೊಸೆಯನ್ನು ವೈದ್ಯರಲ್ಲಿಗೆ ಕರೆದೊಯ್ದು, ಪಟ್ಟಿ ಸುತ್ತುವುದನ್ನು ತಾವೂ ಕಲಿತರೆ ಅವರ ಅಕ್ಕರೆ ಸಾರ್ಥಕವಾದಂತೆಯೇ. ಮುಂದಿನ ಗೌರಿಹಬ್ಬಕ್ಕೆ ಹಳೆಯ ಅಳತೆಯ ಬಳೆ ಏರದಿದ್ದರೂ ಚಿಂತೆಯಿಲ್ಲ. ಒಂದು ಅಳತೆ ದೊಡ್ಡ ಬಳೆ ಏರಿದರೂ ಸಾಕು, ಆ ಕೈ ಮತ್ತೆ ಹಗುರಾಗಿ ಬಾಗಿನ ಹಿಡಿದೀತು.